ಒಂದೇ ಬಲ್ಬಿನಲ್ಲಿ ಬ್ರೇಕು ಮತ್ತು ಇಂಡಿಕೇಟರು: ಎಂಟು ಟರ್ಮಿನಲ್‌ಗಳ ರಿಲೇ ಬಾಕ್ಸು ಕರಾವಳಿಯಲ್ಲಿ ಬಾಳಿದ ಬಗೆ

ಹಳೆಯ ಕಾರಿನ ಬ್ರೇಕ್ ದೀಪವನ್ನೇ ಇಂಡಿಕೇಟರಾಗಿಯೂ ಬಳಸಲು ಸಿಗುವ ರಿಲೇ ಬಾಕ್ಸನ್ನು, ಎಂದರೆ ಕರೆಂಟಿನಿಂದಲೇ ಬದಲಾಗುವ ಸ್ವಿಚ್ಚುಗಳ ಪೆಟ್ಟಿಗೆಯನ್ನು, ಕೊಳ್ಳುವವರು ಅದು ಎಷ್ಟು ಚೆನ್ನಾಗಿ ಮಿನುಗಿಸುತ್ತದೆ ಎಂದು ನೋಡುವುದಕ್ಕಿಂತ ಮೊದಲು, ಇಂಡಿಕೇಟರ್ ಹಾಕದೆ ಇರುವಾಗ ಬ್ರೇಕಿನ ಕರೆಂಟನ್ನು ಅದು ಎಷ್ಟರ ಮಟ್ಟಿಗೆ ತಪ್ಪದೆ ದಾಟಿಸುತ್ತದೆ ಎಂದು ನೋಡಬೇಕು. ಉಡುಪಿಯಲ್ಲಿರುವ ನಮ್ಮ 1955ರ ಮಾರಿಸ್ ಮೈನರ್ ಕಾರಿನಲ್ಲಿ ಇಂಥ ಒಂದು ಬಾಕ್ಸನ್ನು ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಈ ವಿಮರ್ಶೆಯ ಹೆಚ್ಚಿನ ಭಾಗ ಬ್ರೇಕ್ ದೀಪದ ಕುರಿತೇ ಇರುವುದಕ್ಕೆ ಈ ಅನುಭವವೇ ಕಾರಣ.

ಇದು 803 ಸಿಸಿ ಎಂಜಿನಿನ ಸೀರೀಸ್ 2 ಮಾದರಿ. ಆ ಕಾಲದ ಮೈನರ್‌ಗೆ ಮಿನುಗುವ ಇಂಡಿಕೇಟರ್ ಇರಲಿಲ್ಲ. ಬಾಗಿಲ ಹಿಂದಿನ ಕಂಬದಿಂದ ಹೊರಗೆ ಚಾಚಿಕೊಳ್ಳುವ, ಒಳಗೆ ಸಣ್ಣ ಬಲ್ಬು ಇರುವ ಟ್ರಾಫಿಕೇಟರ್ ಕೈಗಳಷ್ಟೇ ಇದ್ದವು. ಅವು ನೋಡಲು ಎಷ್ಟು ಚೆಂದವೋ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಷ್ಟೇ ನಿರುಪಯುಕ್ತ. ಪಡುಬಿದ್ರಿಯ ಬಳಿ ಡಿವೈಡರಿನ ತೆರಪಿನಲ್ಲಿ ಬಲಕ್ಕೆ ತಿರುಗಲು ನಿಂತಾಗ, ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಚಾಲಕ ಕಂಬದಿಂದ ಹೊರಬಂದ ಗೇಣುದ್ದದ ಕೈಯನ್ನು ಗಮನಿಸುತ್ತಾನೆಂದು ನಂಬಿ ಕುಳಿತುಕೊಳ್ಳುವಂತಿಲ್ಲ.

ಹಿಂಭಾಗದಲ್ಲಿ ಎರಡು ರಂಧ್ರ ಕೊರೆದು ಹಳದಿ ದೀಪಗಳನ್ನು ಕೂರಿಸುವುದು ಸುಲಭದ ದಾರಿಯೇನೋ ಹೌದು. ಆದರೆ ಎಪ್ಪತ್ತು ವರ್ಷ ಉಳಿದುಬಂದ ತಗಡಿಗೆ ಡ್ರಿಲ್ ಹಾಕಲು ನನಗೆ ಮನಸ್ಸಾಗಲಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳ ಪ್ರಕಾರ ‘ವಿಎ’ ಸರಣಿಯ ನೋಂದಣಿ ಸಿಗಬೇಕಾದರೆ ವಾಹನಕ್ಕೆ ಐವತ್ತು ವರ್ಷ ದಾಟಿರಬೇಕು ಮತ್ತು ಅದು ಮೂಲ ಸ್ವರೂಪದಲ್ಲಿರಬೇಕು. ಬಾಡಿಯನ್ನು ಮುಟ್ಟದೆ ಉಳಿಸಿಕೊಳ್ಳಲು ಅದೂ ಒಂದು ಕಾರಣ. ಇದಕ್ಕಿಂತಲೂ ಮುಖ್ಯವಾಗಿ, ಮಾರಿಸ್ ಕಾರ್ಖಾನೆಯೇ 1961ರಲ್ಲಿ ಟ್ರಾಫಿಕೇಟರ್ ಕೈಬಿಟ್ಟಾಗ ಅನುಸರಿಸಿದ್ದು ಈ ವ್ಯವಸ್ಥೆಯನ್ನೇ. ಲ್ಯೂಕಾಸ್ ಕಂಪನಿಯ ಡಿಬಿ10 ಎಂಬ ರಿಲೇ ಬಾಕ್ಸಿನ ಮೂಲಕ ಹಿಂದಿನ ಬ್ರೇಕ್ ದೀಪವನ್ನೂ ಮುಂದಿನ ಪಾರ್ಕಿಂಗ್ ದೀಪವನ್ನೂ ಅದು ಮಿನುಗಿಸಿತು. 1963ರಲ್ಲಷ್ಟೇ ಪ್ರತ್ಯೇಕ ಹಳದಿ ದೀಪಕ್ಕೆ ಹೋಯಿತು. ನಾನು ಕೊಂಡದ್ದು ಆ ಡಿಬಿ10ರ ಮಾದರಿಯಲ್ಲಿ ಈಚೆಗೆ ತಯಾರಾದ ಬಾಕ್ಸು. ಒಂದು ಒಳ್ಳೆಯ ಬ್ಯಾಟರಿಯ ಸುಮಾರು ಅರ್ಧದಷ್ಟು ಬೆಲೆ ಬಿತ್ತು.

ಬಾಕ್ಸಿನೊಳಗೆ ಎಡಕ್ಕೊಂದು, ಬಲಕ್ಕೊಂದು ರಿಲೇ ಇದೆ. ಹೊರಗೆ ಎಂಟು ಸ್ಕ್ರೂ ಟರ್ಮಿನಲ್‌ಗಳಿವೆ. ಎರಡೂ ರಿಲೇ ವಿಶ್ರಾಂತಿಯಲ್ಲಿರುವಾಗ ಬ್ರೇಕ್ ಸ್ವಿಚ್ಚಿನಿಂದ ಬಂದ ಕರೆಂಟು ಎರಡೂ ಹಿಂದಿನ ಬಲ್ಬುಗಳಿಗೆ ಹೋಗುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದಾಗ ಎಡ ರಿಲೇ ಎಳೆದುಕೊಂಡು, ಎಡಗಡೆಯ ಬಲ್ಬನ್ನು ಬ್ರೇಕಿನಿಂದ ಬಿಡಿಸಿ, ಕರೆಂಟನ್ನು ಬಿಟ್ಟು ಬಿಟ್ಟು ಹರಿಸುವ ಫ್ಲಾಷರಿಗೆ ಸೇರಿಸುತ್ತದೆ. ಆಗ ಬ್ರೇಕ್ ಒತ್ತಿದರೆ ಬಲಗಡೆ ಸ್ಥಿರವಾಗಿ ಉರಿಯುತ್ತದೆ, ಎಡಗಡೆ ಮಿನುಗುತ್ತದೆ. ರಿಲೇ ಒಮ್ಮೆ ಎಳೆದುಕೊಂಡರೆ ಸ್ವಿಚ್ಚು ಹಿಂದಕ್ಕೆ ಬರುವ ತನಕ ಹಾಗೆಯೇ ನಿಲ್ಲುತ್ತದೆ, ಮಿನುಗಿಸುವ ಕೆಲಸವೆಲ್ಲ ಫ್ಲಾಷರಿನದು. ಇದರಿಂದ ಒಂದು ದೊಡ್ಡ ಅನುಕೂಲವಾಯಿತು. ಟ್ರಾಫಿಕೇಟರಿಗೆ ಬೇಕಾದದ್ದೂ ಇಂಥ ಸ್ಥಿರ ಕರೆಂಟೇ ಆದ್ದರಿಂದ, ಹಳೆಯ ಸ್ವಿಚ್ಚನ್ನೂ ಟ್ರಾಫಿಕೇಟರಿನ ವಯರುಗಳನ್ನೂ ಹಾಗೆಯೇ ಉಳಿಸಿ, ಅವುಗಳಿಂದ ಒಂದೊಂದು ಕವಲು ತೆಗೆದು ಬಾಕ್ಸಿಗೆ ಕೊಟ್ಟರೆ ಸಾಕಾಯಿತು. ಈಗ ತಿರುಗುವಾಗ ಕೈಯೂ ಚಾಚುತ್ತದೆ, ದೀಪವೂ ಮಿನುಗುತ್ತದೆ.

ಮಾರುಕಟ್ಟೆಯಲ್ಲಿ ಇದೇ ಕೆಲಸಕ್ಕೆಂದು ಟ್ರೇಲರುಗಳಿಗೆ ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಪರಿವರ್ತಕಗಳೂ ಸಿಗುತ್ತವೆ. ಬೆಲೆ ಕಡಿಮೆ, ನೀರು ಹೋಗದಂತೆ ಮುಚ್ಚಿರುತ್ತವೆ. ನೆಗೆಟಿವ್ ಅರ್ಥಿಂಗ್, ಎಂದರೆ ಬ್ಯಾಟರಿಯ ನೆಗೆಟಿವ್ ಕಂಬ ಬಾಡಿಗೆ ಸೇರಿರುವ ಕಾರಿನವರು ಅವನ್ನು ಧಾರಾಳವಾಗಿ ಪರಿಗಣಿಸಬಹುದು. ನಮ್ಮ ಕಾರು ಆ ಕಾಲದ ಬ್ರಿಟಿಷ್ ಪದ್ಧತಿಯಂತೆ ಪಾಸಿಟಿವ್ ಅರ್ಥಿಂಗಿನದು. ಬ್ಯಾಟರಿಯ ಪಾಸಿಟಿವ್ ಕಂಬವೇ ಬಾಡಿಗೆ ಸೇರಿರುವಾಗ, ನೆಗೆಟಿವ್ ಬಾಡಿಗೆಂದು ಮಾಡಿದ ಟ್ರಾನ್ಸಿಸ್ಟರುಗಳು ಕೆಲಸ ಮಾಡುವುದಿಲ್ಲ, ಸುಟ್ಟುಹೋಗುವ ಸಂಭವವೂ ಉಂಟು. ಸಾದಾ ಸುರುಳಿ ಮತ್ತು ಪಾಯಿಂಟುಗಳ (ಕೂಡಿ ಬಿಡುವ ಲೋಹದ ಸಂಪರ್ಕಗಳ) ರಿಲೇಗೆ ಪ್ಲಸ್ ಯಾವುದು, ಮೈನಸ್ ಯಾವುದು ಎಂಬ ಭೇದವಿಲ್ಲ. ಕಾರನ್ನು ನೆಗೆಟಿವ್‌ಗೆ ಬದಲಾಯಿಸುವುದು ಕಷ್ಟವೇನಲ್ಲ, ಡೈನಮೊವನ್ನು ಮತ್ತೆ ಪೋಲರೈಸ್ ಮಾಡಿ (ಅದರ ಕಾಂತದ ದಿಕ್ಕು ಬದಲಿಸಿ) ಇಗ್ನಿಷನ್ ಕಾಯಿಲಿನ ವಯರುಗಳನ್ನು ಅದಲುಬದಲು ಮಾಡಿದರೆ ಮುಖ್ಯ ಕೆಲಸ ಮುಗಿಯುತ್ತದೆ. ಆದರೂ ಒಂದು ದೀಪದ ಸಲುವಾಗಿ ಇಡೀ ಕಾರನ್ನು ತಿರುಗಿಸಿಡುವುದು ನನಗೆ ಸರಿಕಾಣಲಿಲ್ಲ.

ವಯರಿಂಗಿನಲ್ಲಿ ಹೆಚ್ಚು ಶ್ರಮ ಬೇಡಿದ್ದು ಡಿಕ್ಕಿಯವರೆಗಿನ ದಾರಿ. ಹಳೆಯ ಹಾರ್ನೆಸ್ಸಿನಲ್ಲಿ (ವಯರುಗಳ ಕಟ್ಟಿನಲ್ಲಿ) ಎರಡೂ ಬ್ರೇಕ್ ದೀಪಗಳಿಗೆ ಸೇರಿ ಹಸಿರಿನ ಮೇಲೆ ನೇರಳೆ ಗೆರೆಯ ಒಂದೇ ವಯರು ಹೋಗುತ್ತದೆ. ಈಗ ಎಡ ಮತ್ತು ಬಲ ಬೇರೆಯಾಗಬೇಕಾದ್ದರಿಂದ ಆ ವಯರನ್ನು ಬಾಕ್ಸಿನಲ್ಲೇ ನಿಲ್ಲಿಸಿ, ಅಲ್ಲಿಂದ ಎರಡು ಹೊಸ ವಯರು ಎಳೆಯಬೇಕು. ಲ್ಯೂಕಾಸ್ ಪದ್ಧತಿಯಂತೆ ಎಡಕ್ಕೆ ಹಸಿರು-ಕೆಂಪು, ಬಲಕ್ಕೆ ಹಸಿರು-ಬಿಳಿ ಬಣ್ಣವನ್ನೇ ಬಳಸಿದರೆ ಮುಂದೆ ಯಾರೇ ರಿಪೇರಿಗೆ ಕೈಹಾಕಿದರೂ ಗೊಂದಲವಾಗುವುದಿಲ್ಲ. ಒಂದು 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ತೆಳ್ಳಗಿನ ವಯರೂ ಅದನ್ನು ತಡೆದುಕೊಳ್ಳುತ್ತದೆ, ಆದರೆ ದಾರಿಯಲ್ಲಿ ವೋಲ್ಟೇಜು ಸೋರಬಾರದೆಂದು 1.5 ಚದರ ಮಿಲಿಮೀಟರಿನದನ್ನೇ ಹಾಕಿಸಿದೆ. ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಚಿಕ್ಕ ಕೆಂಪು ಗಾಜಿನ ಹಿಂದೆ ಉರಿಯುವ ಬಲ್ಬಿಗೆ ಇದು ಸಣ್ಣ ನಷ್ಟವಲ್ಲ. ಮುಂದಿನ ಪಾರ್ಕಿಂಗ್ ದೀಪಗಳಲ್ಲಿ ಒಂದೇ ಫಿಲಮೆಂಟಿನ ಹೋಲ್ಡರ್ ತೆಗೆದು 21/5 ವ್ಯಾಟಿನ ಎರಡು ಫಿಲಮೆಂಟಿನ ಹೋಲ್ಡರ್ ಹಾಕಬೇಕಾಯಿತು. ಈ ಸರ್ಕ್ಯೂಟಿಗೆ 10 ಆಂಪಿಯರಿನ ಪ್ರತ್ಯೇಕ ಫ್ಯೂಸನ್ನೂ ಕೊಡಿಸಿದೆ.

ಅರ್ಥಿಂಗಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಬಾಕ್ಸನ್ನು ಹಾಕಿಸಿ ‘ಸರಿಯಿಲ್ಲ’ ಎಂದು ಕಿತ್ತೆಸೆದವರಲ್ಲಿ ಬಹುಮಂದಿಯ ತೊಂದರೆ ಇದೇ ಇರಬೇಕೆಂದು ನನ್ನ ಅನಿಸಿಕೆ. ಆರಂಭದಲ್ಲಿ ನಮ್ಮ ಕಾರಿನಲ್ಲಿ ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಟೈಲ್ ಲೈಟು ಅದಕ್ಕೆ ವಿರುದ್ಧ ತಾಳದಲ್ಲಿ ಮಂಕಾಗುತ್ತಿತ್ತು. ಲೈಟಿನ ಸ್ವಿಚ್ಚು ಬಂದ್ ಇದ್ದಾಗ ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ದೀಪಗಳಲ್ಲಿ ಕೆಂಡದಂಥ ಸಣ್ಣ ಬೆಳಕು ಕಾಣಿಸುತ್ತಿತ್ತು. ಬಾಕ್ಸೇ ಕೆಟ್ಟಿದೆ ಎಂಬ ಅನುಮಾನ ಬರುವುದು ಸಹಜ. ಮಂಗಳೂರಿನ ಬಂದರು ಕಡೆಯ ಗ್ಯಾರೇಜಿನ ಹಿರಿಯ ಎಲೆಕ್ಟ್ರಿಷಿಯನ್ನರು ಟೆಸ್ಟ್ ಲ್ಯಾಂಪ್ ಹಿಡಿದು ಹಿಂದಿನ ಹೋಲ್ಡರನ್ನು ಒಮ್ಮೆ ಮುಟ್ಟಿ ನೋಡಿ, “ಬಾಕ್ಸಿಗೆ ಎಂತ ಆಗ್ಲಿಲ್ಲ ಮಾರಾಯ್ರೆ, ಇದಕ್ಕೆ ಅರ್ಥಿಂಗೇ ಇಲ್ಲ. ಬೇರೆ ವಯರ್ ಎಳೆಯದೆ ಆಗ್ಲಿಕ್ಕಿಲ್ಲ” ಎಂದರು. ಒಂದೇ ಬಲ್ಬಿನ ಎರಡು ಫಿಲಮೆಂಟುಗಳಿಗೆ ಅರ್ಥಿಂಗಿನ ದಾರಿ ಒಂದೇ, ಅದು ಬಲ್ಬಿನ ಹಿತ್ತಾಳೆಯ ಮೈ. ಆ ದಾರಿ ತುಕ್ಕಿನಿಂದ ಮುಚ್ಚಿಹೋದಾಗ ಬ್ರೇಕಿನ 21 ವ್ಯಾಟಿನ ಕರೆಂಟು ಟೈಲ್ ಲೈಟಿನ 5 ವ್ಯಾಟಿನ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಟೈಲ್ ಲೈಟಿನ ವಯರಿನ ಮೂಲಕ ಮುಂದಿನ ದೀಪಗಳ ಅರ್ಥಿಂಗನ್ನು ಹುಡುಕಿಕೊಂಡು ಹೋಗುತ್ತದೆ. ಅವರು ಎರಡೂ ಹೋಲ್ಡರುಗಳಿಗೆ ಕಪ್ಪು ವಯರು ಬೆಸುಗೆ ಹಾಕಿ ನೇರವಾಗಿ ಬ್ಯಾಟರಿಯ ಅರ್ಥಿಂಗ್ ಬೋಲ್ಟಿಗೆ ತಂದು ಸೇರಿಸಿದ ಮೇಲೆ ಆ ಭೂತಚೇಷ್ಟೆಯೆಲ್ಲ ನಿಂತಿತು. ರಿಲೇ ಬಾಕ್ಸಿಗೂ ತನ್ನ ಹಿಡಿಕೆಯ ಸ್ಕ್ರೂವಿನಿಂದಲೇ ಅರ್ಥಿಂಗ್ ಸಿಗುವುದರಿಂದ, ಅದು ಕೂರುವ ಜಾಗದ ಪೇಂಟನ್ನು ಕೆರೆದು ಬರಿ ಲೋಹವನ್ನು ಕಾಣಿಸಲೇಬೇಕು. ಬಾಕ್ಸಿನೊಂದಿಗೆ ಬಂದ ಒಂದು ಹಾಳೆಯ ನಕ್ಷೆಯಲ್ಲಿ ಈ ಮಾತೇ ಇಲ್ಲ, ಅದು ತಯಾರಕರ ದೊಡ್ಡ ಲೋಪ.

ಇನ್ನು ಬಾಳಿಕೆ. ಸುರುಳಿಗಳು ಇಂದಿಗೂ ಗಟ್ಟಿಯಾಗಿವೆ, ರಿಲೇ ಎಳೆದುಕೊಳ್ಳುವ ಟಕ್ ಸದ್ದು ಮೊದಲ ದಿನದಷ್ಟೇ ಸ್ಪಷ್ಟ. ತೊಂದರೆ ಬಂದದ್ದು ಪಾಯಿಂಟುಗಳಲ್ಲಿ. ಒಂದು ಮಳೆಗಾಲ ಕಳೆದು ಕಾರನ್ನು ಹೊರಗೆ ತೆಗೆದಾಗ ಇಂಡಿಕೇಟರುಗಳು ಎರಡೂ ಕಡೆ ಸೊಗಸಾಗಿ ಮಿನುಗಿದವು, ಬಲಗಡೆಯ ಬ್ರೇಕ್ ದೀಪ ಮಾತ್ರ ಮಂಕಾಗಿತ್ತು. ಬಲ್ಬು ಅದೇ, ಫಿಲಮೆಂಟು ಅದೇ, ಹಿಂದಿನ ವಯರೂ ಅದೇ ಆಗಿರುವುದರಿಂದ ದೋಷ ಬಾಕ್ಸಿನ ಒಳಗೇ ಇರಬೇಕಿತ್ತು. ಬ್ರೇಕ್ ಒತ್ತಿ ಹಿಡಿದು ಬಾಕ್ಸಿನ ಒಳಬರುವ ಮತ್ತು ಹೊರಹೋಗುವ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಇಟ್ಟಾಗ ಎಡಗಡೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗವೂ ಬೀಳುತ್ತಿರಲಿಲ್ಲ, ಬಲಗಡೆ ಒಂದು ವೋಲ್ಟಿಗೂ ಹೆಚ್ಚು ಬೀಳುತ್ತಿತ್ತು. ಮುಚ್ಚಳ ತೆಗೆದರೆ, ಬ್ರೇಕಿನ ಕರೆಂಟು ದಾಟುವ ವಿಶ್ರಾಂತಿಯ ಪಾಯಿಂಟಿನ ಮೇಲೆ ಕಪ್ಪು ಪದರ, ಅದರ ಪಕ್ಕದ ಹಿತ್ತಾಳೆಯ ಪಟ್ಟಿಯ ಅಂಚಿನಲ್ಲಿ ಹಸಿರು ಕಿಲುಬು. ರಿಲೇ ಎಳೆದುಕೊಂಡಾಗ ಸೇರುವ ಪಾಯಿಂಟಿಗೆ ಸುರುಳಿಯ ಬಲವಿರುತ್ತದೆ, ವಿಶ್ರಾಂತಿಯ ಪಾಯಿಂಟನ್ನು ಒತ್ತಿ ಹಿಡಿಯುವುದು ಒಂದು ಸಣ್ಣ ಸ್ಪ್ರಿಂಗ್ ಮಾತ್ರ. ಎಂದರೆ ಕಾರಿನ ಅತಿ ಅಗತ್ಯದ ದೀಪ ಬಾಕ್ಸಿನ ಅತಿ ದುರ್ಬಲ ಸಂಪರ್ಕವನ್ನು ನಂಬಿಕೊಂಡಿದೆ. ಅದು ಕೈಕೊಟ್ಟರೆ ಚಾಲಕನ ಮುಂದಿರುವ ಯಾವ ಸೂಚನಾ ದೀಪವೂ ಹೇಳುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ. ದಪ್ಪ ಕಾಗದದ ಪಟ್ಟಿಯನ್ನು ಪಾಯಿಂಟುಗಳ ನಡುವೆ ತೂರಿಸಿ, ಮೇಲಿನಿಂದ ಮೆಲ್ಲಗೆ ಒತ್ತಿ ಹಿಡಿದು ಎಳೆದರೆ ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವವರೆಗೆ ಹೊಸ ಹೊಸ ಪಟ್ಟಿಯಿಂದ ಅದನ್ನೇ ಮಾಡಬೇಕು. ಮರಳು ಕಾಗದ ಹಾಕಿ ಉಜ್ಜಿದರೆ ಬೆಳ್ಳಿಯ ಲೇಪ ಹೋಗಿ ಪಾಯಿಂಟು ಶಾಶ್ವತವಾಗಿ ಕೆಡುತ್ತದೆ. ಬಾಕ್ಸಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಇಲ್ಲ. ಮಲ್ಪೆಯ ಕಡೆಯಿಂದ ಉಪ್ಪಿನ ಗಾಳಿ ಬೀಸುವ ಊರಿನಲ್ಲಿ ಇಂಥ ವಸ್ತುವನ್ನು ಹೀಗೆ ತೆರೆದಿಡುವುದು ಒಪ್ಪತಕ್ಕದ್ದಲ್ಲ. ಸೈಕಲ್ ಟ್ಯೂಬನ್ನು ಕತ್ತರಿಸಿ ಮುಚ್ಚಳದ ಅಂಚಿಗೆ ಕೂರಿಸಿ, ಹೊರಗಿನ ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಬಾಕ್ಸನ್ನು ಎಂಜಿನ್ ಕೋಣೆಯಿಂದ ಡ್ಯಾಶ್‌ಬೋರ್ಡಿನ ಕೆಳಕ್ಕೆ ತಂದ ಮೇಲೆ ಆ ಪಾಯಿಂಟು ಮತ್ತೆ ಕಪ್ಪಾಗಿಲ್ಲ. ಆದರೂ ಆಟಿ ತಿಂಗಳ ಮಳೆ ಕಳೆದ ಕೂಡಲೇ ಮಲ್ಟಿಮೀಟರ್ ಇಟ್ಟು ನೋಡುವುದನ್ನು ಬಿಟ್ಟಿಲ್ಲ.

ಫ್ಲಾಷರಿನ ಕುರಿತು ಹೆಚ್ಚು ಹೇಳುವುದಿಲ್ಲ. ಕಾಯ್ದು ಹಿಗ್ಗುವ ತಂತಿಯ ಹಳೆಯ ಬಗೆಯ ಫ್ಲಾಷರು ಪಾಸಿಟಿವ್ ಅರ್ಥಿಂಗಿಗೆ ಹೊಂದುತ್ತದೆ, ಆದರೆ ಅದರ ವೇಗ ವೋಲ್ಟೇಜನ್ನು ಅವಲಂಬಿಸಿದೆ. ನಂತೂರು ವೃತ್ತದಲ್ಲಿ ಮಳೆಯ ಸಂಜೆ ಹೆಡ್‌ಲೈಟು, ವೈಪರು ಎರಡನ್ನೂ ಹಾಕಿ ಐಡ್ಲಿಂಗಿನಲ್ಲಿ ನಿಂತಾಗ ಡೈನಮೊ ಚಾರ್ಜ್ ಮಾಡುವುದಿಲ್ಲ, ಮಿನುಗು ನಿಧಾನವಾಗುತ್ತದೆ. ಇದು ಬಾಕ್ಸಿನ ದೋಷವಲ್ಲ. ಎಲ್‌ಇಡಿ ಬಲ್ಬು ಹಾಕಿದರೆ ಈ ಫ್ಲಾಷರಿಗೆ ಬೇಕಾದಷ್ಟು ಕರೆಂಟೇ ಹರಿಯದೆ ಅದರ ತಾಳವೇ ಕೆಡುತ್ತದೆ.

ರಸ್ತೆಯ ಮೇಲೆ ಇದು ಹೇಗೆ ಕಾಣುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕದಲ್ಲಿ ಹಿಂದಿನ ಇಂಡಿಕೇಟರ್ ಕೆಂಪಾಗಿರಲು ಇಂದಿಗೂ ಅವಕಾಶವಿದೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದು ಹಳದಿ ಬಣ್ಣವನ್ನು, ನಿಮಿಷಕ್ಕೆ 60ರಿಂದ 120 ಬಾರಿಯ ಮಿನುಗನ್ನು. ನಮ್ಮ ಚಾಲಕರ ಕಣ್ಣು ಅದಕ್ಕೇ ಒಗ್ಗಿದೆ. ಇಳಿಹೊತ್ತಿನಲ್ಲಿ, ರಾತ್ರಿಯಲ್ಲಿ ಕೆಂಪು ಮಿನುಗು ಚೆನ್ನಾಗಿ ಅರ್ಥವಾಗುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಬ್ರೇಕ್ ಒತ್ತುತ್ತ ತಿರುಗುವಾಗ, ಒಂದು ದೀಪ ಉರಿಯುತ್ತಿದ್ದು ಇನ್ನೊಂದು ಮಿನುಗುತ್ತಿದ್ದರೆ ಹಿಂದಿನವರಿಗೆ ತಕ್ಷಣ ತಿಳಿಯುವುದಿಲ್ಲ. ಆದ್ದರಿಂದ ಬಲಕ್ಕೆ ತಿರುಗುವಾಗ ನನ್ನ ಕೈಯನ್ನೂ ಕಿಟಕಿಯಿಂದ ಹೊರಗೆ ಚಾಚುವುದನ್ನು ನಾನು ಬಿಟ್ಟಿಲ್ಲ, ಹಝಾರ್ಡ್ ಸ್ವಿಚ್ಚನ್ನಂತೂ ಹಾಕಿಸಲೇ ಇಲ್ಲ. ಈ ವ್ಯವಸ್ಥೆಯಲ್ಲಿ ಎರಡೂ ಬದಿ ಮಿನುಗುತ್ತಿದ್ದರೆ ಬ್ರೇಕ್ ಒತ್ತಿದ್ದು ಯಾರಿಗೂ ಕಾಣುವುದೇ ಇಲ್ಲ.

ಈ ಎಲ್ಲ ಕೊರತೆಗಳಿಗೆ ನಾನು ಕಂಡುಕೊಂಡ ಪರಿಹಾರ ಹಿಂದಿನ ಕಿಟಕಿಯ ಒಳಗೆ ಕ್ಲಿಪ್ಪಿನಿಂದ ಕೂರಿಸಿದ ಮೂರನೆಯ ಬ್ರೇಕ್ ದೀಪ. ಅದರ ವಯರು ಬಾಕ್ಸಿನ ಹತ್ತಿರವೂ ಸುಳಿಯದೆ ನೇರವಾಗಿ ಬ್ರೇಕ್ ಸ್ವಿಚ್ಚಿನಿಂದ ಬರುತ್ತದೆ. ಬಾಕ್ಸು ಕೆಟ್ಟರೂ, ಇಂಡಿಕೇಟರ್ ಹಾಕಿದ್ದರೂ ಅದು ಉರಿಯುತ್ತದೆ. ಪ್ರದರ್ಶನದ ದಿನ ಕ್ಲಿಪ್ಪು ಬಿಚ್ಚಿದರೆ ಕಾರು ಮೊದಲಿನಂತೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹಳೆಯ ಬ್ರೇಕ್ ಸ್ವಿಚ್ಚಿನ ಮೇಲೆ ಮೂರು ಬಲ್ಬುಗಳ ಭಾರ ಬೀಳದಿರಲೆಂದು ನಡುವೆ ಒಂದು ಸಾದಾ ರಿಲೇ ಹಾಕಿಸಿದ್ದೇನೆ.

ದಿನವೂ ಕಚೇರಿಗೆ ಹೋಗಿಬರಲು ಹಳೆಯ ಕಾರು ಬಳಸುವವರಿಗೆ ಈ ಬಾಕ್ಸನ್ನು ನಾನು ಹೇಳುವುದಿಲ್ಲ; ಅವರು ಹಳದಿ ದೀಪಗಳನ್ನೇ ಹಾಕಿಸಲಿ. ಭಾನುವಾರಕ್ಕೋ ರ‍್ಯಾಲಿಗೋ ಕಾರು ತೆಗೆಯುವವರು, ಅದರಲ್ಲೂ ಪಾಸಿಟಿವ್ ಅರ್ಥಿಂಗನ್ನು ಉಳಿಸಿಕೊಂಡವರು ಧೈರ್ಯವಾಗಿ ಕೊಳ್ಳಬಹುದು. ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ವಿಶ್ರಾಂತಿಯ ಪಾಯಿಂಟು ಎರಡೂ ಬದಿಯಲ್ಲಿ ಸಮನಾಗಿ ಕೂರುತ್ತದೆಯೇ, ಬೆರಳಿನಿಂದ ಎತ್ತಿ ಬಿಟ್ಟಾಗ ಸ್ಪ್ರಿಂಗ್ ಅದನ್ನು ಬಿಗಿಯಾಗಿ ಹಿಂದಕ್ಕೆ ತರುತ್ತದೆಯೇ ಎಂದು ನೋಡಿ. ಮುಚ್ಚಳ ತೆಗೆಯಲು ಒಪ್ಪದ ಅಂಗಡಿಯಿಂದ ಇದನ್ನು ಕೊಳ್ಳಬೇಡಿ.