ಕೆಳಗಿನ ಒಂಟಿ ಬರ್ತ್ ಸಿಕ್ಕರೆ ಸಾಕು: ಬೆಂಗಳೂರು–ಕುಂದಾಪುರ ದಾರಿಯಲ್ಲಿ ರೆಡ್‌ಬಸ್

ದುಡ್ಡು ಹೇಗೆ ಕಟ್ಟುವುದು, ಕೂಪನ್ ಎಲ್ಲಿ ಹಾಕುವುದು ಎಂದೆಲ್ಲ ಬರೆಯಲು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ನನಗೆ ಹೇಳಬೇಕಿರುವುದು ಬಸ್ ಟಿಕೆಟ್ ಮಾರುವ ರೆಡ್‌ಬಸ್ ಆಪಿನ ಸೀಟಿನ ನಕ್ಷೆಯ ವಿಷಯ. ಇಷ್ಟು ವರ್ಷ ಈ ಆಪ್ ನನ್ನ ಫೋನಿನಲ್ಲಿ ಉಳಿದಿರುವುದೇ ಅದೊಂದರ ದೆಸೆಯಿಂದ.

ಬೆಂಗಳೂರಿನ ಆನಂದರಾವ್ ಸರ್ಕಲ್ಲಿನ ಬಸ್ ಏಜೆಂಟರ ಕಾಲ ಕಂಡವರಿಗೆ ಇದು ಬೇಗ ಅರ್ಥವಾದೀತು. ಕೌಂಟರಿನವ ಬಸ್ಸಿನ ಆಫೀಸಿಗೆ ಫೋನ್ ಹಚ್ಚಿ, "ಒಂದು ಲೇಡೀಸ್ ಇದೆಯಾ ಸಾರ್?" ಎಂದು ಕೇಳಿ, ಗೀಚಿ ಹರಿದು ಕೊಟ್ಟ ಚೀಟಿಯೇ ಟಿಕೆಟ್. ಒಬ್ಬೊಬ್ಬ ಏಜೆಂಟನ ಕೈಯಲ್ಲೂ ಬೆರಳೆಣಿಕೆಯ ಸೀಟು. ಪಕ್ಕದಂಗಡಿಯಲ್ಲಿ ಅದೇ ಬಸ್ಸಿನ ಒಳ್ಳೆಯ ಸೀಟು ಖಾಲಿ ಬಿದ್ದಿದ್ದರೂ ನಮಗೆ ತಿಳಿಯುವ ದಾರಿಯಿರಲಿಲ್ಲ. ಹಿಂದಿನ ಚಕ್ರದ ಮೇಲೆ ಕೂರಿಸಿದರೆ ಅಲ್ಲೇ ಕೂರಬೇಕು, ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಕರುಳು ಬಾಯಿಗೆ ಬರುತ್ತಿತ್ತು.

2005ರ ದೀಪಾವಳಿಗೆ ಬಸ್ ಸಿಗದೆ ಬೆಂಗಳೂರಿನಲ್ಲೇ ಉಳಿದ ಫಣೀಂದ್ರ ಸಾಮ ಎಂಬ ಇಂಜಿನಿಯರ್ ಸಿಕ್ಕಿಬಿದ್ದದ್ದೂ ಇದೇ ಗೋಜಲಿನಲ್ಲಿ. ಮರುವರ್ಷ ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಜೊತೆ ಸೇರಿ ಇದೇ ಊರಿನಲ್ಲಿ ರೆಡ್‌ಬಸ್ ಶುರುಮಾಡಿದರು. ಬಸ್ ಮಾಲೀಕರ ಆಫೀಸಿಗೇ ಬೇಕಾಗುವ 'ಬಾಸ್' ಎಂಬ ಸಾಫ್ಟ್‌ವೇರನ್ನು ಅವರು ಮಾಡಿಕೊಟ್ಟರಲ್ಲ, ಕಂಪನಿ ಬೆಳೆದದ್ದರ ಗುಟ್ಟು ಅಲ್ಲಿದೆ ಎಂದು ನನ್ನ ಲೆಕ್ಕ. ಮಾಲೀಕರ ಕಂಪ್ಯೂಟರಿನಲ್ಲಿ ಸೀಟು ತುಂಬಿದ್ದು ನಮ್ಮ ಪರದೆಯಲ್ಲೂ ಕಾಣುವ ಹಾಗಾದ ಮೇಲೆ ಏಜೆಂಟನ ಚೀಟಿಗೆ ಏನು ಬೆಲೆ?

ನನ್ನ ಪದ್ಧತಿ ಹೀಗೆ. ರಾತ್ರಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಹಾಸಿಗೆಯ ಮೇಲೆ ಕಾಲು ಚಾಚಿ ಬಸ್ಸುಗಳ ಪಟ್ಟಿ ತೆರೆಯುತ್ತೇನೆ. ಎಸಿ ಬೇಡ, ನನಗೆ ನೆಗಡಿ. ನಾನ್ ಎಸಿ ಸ್ಲೀಪರಿನಲ್ಲಿ ಕೆಳಗಿನ ಒಂಟಿ ಬರ್ತ್, ಅದೂ ಮುಂದಿನಿಂದ ಎರಡನೆಯದೋ ಮೂರನೆಯದೋ ಆಗಬೇಕು. ಎರಡು ಚಕ್ರಗಳ ನಡುವೆ ಕುಲುಕಾಟ ಕಡಿಮೆ, ಮೇಲಿನ ಬರ್ತಿನ ಹಾಗೆ ತೊಟ್ಟಿಲಾಡಿಸುವುದಿಲ್ಲ. ಅದು ಹೋಗಿದ್ದರೆ ಗುಲಾಬಿ ಬಣ್ಣದ್ದು ಹುಡುಕುತ್ತೇನೆ. ಅದು ಹೆಂಗಸರಿಗೆ ಮಾತ್ರ ಎಂದು ಅದರ ಅರ್ಥ. ಅದೂ ಇಲ್ಲದಿದ್ದರೆ ಮುಂದಿನ ಬಸ್. ಒಮ್ಮೊಮ್ಮೆ ಊರಿಗೆ ಹೋಗುವ ಯೋಚನೆಯೇ ಇಲ್ಲದಿದ್ದರೂ ನಕ್ಷೆ ತೆರೆದು, ಯಾವುದು ಖಾಲಿ ಇದೆ ಎಂದು ನೋಡಿ ಮಲಗುತ್ತೇನೆ. ಚಟ ಅಂತಲೇ ಇಟ್ಟುಕೊಳ್ಳಿ.

ನಾನು ನಿರೀಕ್ಷಿಸದೆ ಸಿಕ್ಕ ಸುಖ ಇನ್ನೊಂದು, ಬಸ್ ಎಲ್ಲಿದೆ ಎಂದು ತೋರಿಸುವ ಲಿಂಕ್. ಹತ್ತಿದ ಕೂಡಲೇ ಅದನ್ನು ಬಸ್ರೂರಿನಲ್ಲಿರುವ ಅಪ್ಪಯ್ಯನಿಗೆ ಕಳಿಸುತ್ತೇನೆ. ಮೊದಲೆಲ್ಲ ಕತ್ತಲಲ್ಲೇ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿಗೆ ಬಂದು ಕಾಯುತ್ತಿದ್ದರು. ಈಗ ಬ್ರಹ್ಮಾವರ, ಸಾಲಿಗ್ರಾಮ, ಕೋಟ ಎಂದು ನೋಡುತ್ತಾ ಮನೆಯಲ್ಲೇ ಚಾ ಕುಡಿದು, ಬಸ್ ತೆಕ್ಕಟ್ಟೆ ದಾಟಿದ ಮೇಲೆ ಸ್ಕೂಟರ್ ತೆಗೆಯುತ್ತಾರೆ. ನಡುರಾತ್ರಿ ಸಕಲೇಶಪುರದ ಹತ್ತಿರ ಬಸ್ ನಿಂತರೆ ಫೋನ್ ಬಂತೆಂದೇ ಲೆಕ್ಕ: "ಎಂತಾಯ್ತ್ ಮಗಾ, ಬಸ್ಸ್ ಅಲ್ಲೇ ನಿಂತ್ಕಂಡಿತ್ತಲೆ?" ನಿದ್ದೆ ಹಾಳು. ಅದಕ್ಕೆ ಕಂಪನಿ ಏನು ಮಾಡಲಿಕ್ಕಾಗುತ್ತದೆ!

ಇನ್ನು ಬೇಸರದ ಮಾತು. 2013ರಲ್ಲಿ ರೆಡ್‌ಬಸ್ಸನ್ನು ಇಬಿಬೊ ಎಂಬ ಕಂಪನಿ ಕೊಂಡಿತು, 2017ರಲ್ಲಿ ಇಬಿಬೊ ಪ್ರಯಾಣದ ಟಿಕೆಟ್ ಮಾರುವ ಮೇಕ್‌ಮೈಟ್ರಿಪ್ ಜೊತೆ ಸೇರಿತು. ಮಲೇಷ್ಯಾ, ಸಿಂಗಾಪುರ, ಪೆರು, ಕೊಲಂಬಿಯಾದಲ್ಲೂ ಟಿಕೆಟ್ ಮಾರುತ್ತಾರಂತೆ, ಸಂತೋಷ. ಆದರೆ ಎಷ್ಟು ದೇಶ ಸುತ್ತಿದರೂ ಇದು ಟಿಕೆಟಿನ ಅಂಗಡಿ. ಬಸ್ ಇನ್ನೊಬ್ಬರದು, ಡ್ರೈವರ್ ಇನ್ನೊಬ್ಬರವನು. ಕಳೆದ ಮಳೆಗಾಲ ಒಂದು ಟ್ರಾವೆಲ್ಸಿನವರು (ಹೆಸರು ಬೇಡ) ಬಸ್ ಬರುವ ಹೊತ್ತಿಗೆ ಫೋನ್ ಮಾಡಿ, "ಮೇಡಂ, ಬಸ್ ಗೊರಗುಂಟೆಪಾಳ್ಯದ ಒಳಗೆ ಬರಲ್ಲ, ಆ ಕಡೆ ಬನ್ನಿ" ಎಂದರು. ಬ್ಯಾಗು, ಕೊಡೆ, ಅಮ್ಮನಿಗೆಂದು ತಂದ ಕುಕ್ಕರ್ ಎತ್ತಿಕೊಂಡು ತುಮಕೂರು ರಸ್ತೆ ದಾಟಿದೆ. ನಕ್ಷೆಯಲ್ಲಿ ಆರಿಸಿದ ಬರ್ತಿನಲ್ಲಿ ಬೇರೊಬ್ಬರು ಗೊರಕೆ ಹೊಡೆಯುತ್ತಿದ್ದರು. ಕ್ಲೀನರ್ ಹುಡುಗನಿಗೆ ಅದು ದೊಡ್ಡ ವಿಷಯವೇ ಅಲ್ಲ. ಆವತ್ತಿನಿಂದ ಸೀಟಿಗಿಂತ ಮೊದಲು ಆ ಬಸ್ಸಿನ ಬಗ್ಗೆ ಹೆಂಗಸರು ಬರೆದ ಅಭಿಪ್ರಾಯ ಓದುತ್ತೇನೆ. ನಕ್ಷತ್ರ ಎಷ್ಟಿದ್ದರೂ ಸರಿ, "ಪಿಕಪ್ ಜಾಗ ಬದಲಿಸಿದರು" ಎಂದು ಒಂದು ಸಾಲು ಕಂಡರೆ ಮುಗಿಯಿತು.

ಚೌತಿ, ದೀಪಾವಳಿಗೆ ಖಾಸಗಿ ಸ್ಲೀಪರುಗಳ ದರ ಏರುವುದು ಗೊತ್ತಿದ್ದದ್ದೇ. ಬೆಲೆ ಇಡುವವರು ಮಾಲೀಕರು, ನಕ್ಷೆ ಅದನ್ನು ಬರ್ತ್ ಬರ್ತಿಗೂ ಬಿಡಿಸಿ ತೋರಿಸುತ್ತದೆ. ನನ್ನ ಇಷ್ಟದ ಒಂಟಿ ಬರ್ತಿಗೇ ಎಲ್ಲಕ್ಕಿಂತ ಹೆಚ್ಚು ಎಂದು ಕಂಡಾಗ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಐದಕ್ಕೆ ನಾಲ್ಕು, ಅದೂ ಹಬ್ಬವಿಲ್ಲದ ತಿಂಗಳಿಗೆ ಮಾತ್ರ. ವಾರದ ನಡುವೆ ಊರಿಗೆ ಹೋಗುವವರು, ಒಬ್ಬರೇ ಓಡಾಡುವ ಹೆಂಗಸರು ಧೈರ್ಯವಾಗಿ ಬಳಸಿ. ಹಬ್ಬಕ್ಕಾದರೆ ನಾನು ಪಂಚಗಂಗಾ ಎಕ್ಸ್‌ಪ್ರೆಸ್ ಕಡೆ. ರೈಲಿನ ಬುಕಿಂಗ್ 60 ದಿನ ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.