‘ಮಿಲ್ಕ್’: ಮೂರು ಬಗೆಯ ಪ್ರೇಕ್ಷಕರ ನಡುವೆ ಕುಳಿತು ನೋಡಿದ ಚಿತ್ರ

ಅಮೆರಿಕದ ಸಲಿಂಗಿಗಳ ಹಕ್ಕುಗಳಿಗಾಗಿ ಹೋರಾಡಿದ ಹಾರ್ವೆ ಮಿಲ್ಕ್ ಅವರ ಬದುಕಿನ ಕೊನೆಯ ಎಂಟು ವರ್ಷಗಳನ್ನು ಕುರಿತ ‘ಮಿಲ್ಕ್’ ಚಿತ್ರವನ್ನು ನಾನು ಹತ್ತು ವರ್ಷಗಳ ಅವಧಿಯಲ್ಲಿ ಮೂರು ಬಾರಿ ನೋಡಿದ್ದೇನೆ. ಮೂರು ಸಲವೂ ಜೊತೆಗಿದ್ದ ಪ್ರೇಕ್ಷಕರು ಬೇರೆ, ಅವರು ಮೌನವಾದ ಜಾಗಗಳು ಬೇರೆ, ಆಮೇಲೆ ಆಡಿದ ಮಾತುಗಳೂ ಬೇರೆ. ಗಸ್ ವ್ಯಾನ್ ಸ್ಯಾಂಟ್ ನಿರ್ದೇಶಿಸಿ, ಡಸ್ಟಿನ್ ಲ್ಯಾನ್ಸ್ ಬ್ಲ್ಯಾಕ್ ಚಿತ್ರಕಥೆ ಬರೆದು, ಶಾನ್ ಪೆನ್ ಮುಖ್ಯಪಾತ್ರ ವಹಿಸಿದ ಈ ಚಿತ್ರದ ಬಗ್ಗೆ ಬರೆಯಹೊರಟಾಗ, ತೆರೆಯ ಮೇಲೆ ನಡೆದದ್ದನ್ನೂ ತೆರೆಯ ಎದುರಿಗೆ ನಡೆದದ್ದನ್ನೂ ಬೇರ್ಪಡಿಸಿ ಹೇಳಲು ನನ್ನಿಂದ ಸಾಧ್ಯವಾಗುತ್ತಿಲ್ಲ.

ಮೊದಲ ಬಾರಿ ನೋಡಿದ್ದು 2008ರ ನವೆಂಬರ್ ಕೊನೆಯ ಶನಿವಾರ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಚಿತ್ರಮಂದಿರದಲ್ಲಿ. ಆಗ ನಾನು ಸನಿವೇಲ್‌ನಲ್ಲಿ ಕೆಲಸದಲ್ಲಿದ್ದೆ. ಕ್ಯಾಸ್ಟ್ರೋ ಬೀದಿಯ ನೆಲದಡಿಯ ರೈಲು ನಿಲ್ದಾಣದಿಂದ ಮೇಲೆ ಬಂದರೆ ಸಿಗುವ ಚೌಕಕ್ಕೆ ಹಾರ್ವೆ ಮಿಲ್ಕ್ ಪ್ಲಾಜಾ ಎಂದು ಹೆಸರು. ಆ ಮೆಟ್ಟಿಲುಗಳನ್ನು ಹಿಂದೆಯೂ ಹತ್ತಾರು ಸಲ ಹತ್ತಿದ್ದೆನಾದರೂ ಆ ಹೆಸರಿನ ಮನುಷ್ಯ ಯಾರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. 1922ರಲ್ಲಿ ಕಟ್ಟಿದ ಆ ಚಿತ್ರಮಂದಿರದಲ್ಲಿ ಪ್ರದರ್ಶನಕ್ಕೆ ಮೊದಲು ಆರ್ಗನ್ ನುಡಿಸುವ ಪದ್ಧತಿಯಿತ್ತು. ಅಂದು ವಾದ್ಯ ನಿಂತು ದೀಪಗಳು ಆರಿದಾಗ, ಅಲ್ಲಿ ಕುಳಿತಿದ್ದ ನಡುವಯಸ್ಸು ದಾಟಿದ ಅನೇಕರಿಗೆ ತೆರೆಯ ಮೇಲೆ ಬರಲಿದ್ದದ್ದು ಇತಿಹಾಸವಲ್ಲ, ತಮ್ಮದೇ ಯೌವನ ಎಂಬುದು ನನಗೆ ನಿಧಾನವಾಗಿ ಅರಿವಾಯಿತು. ಮಿಲ್ಕ್ ಅವರ ಕ್ಯಾಮೆರಾ ಅಂಗಡಿ ಇದ್ದ 575ನೇ ಸಂಖ್ಯೆಯ ಕಟ್ಟಡ ಅದೇ ಬೀದಿಯಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿದೆ. ಚಿತ್ರತಂಡ ಅದೇ ಜಾಗವನ್ನು ಪಡೆದು ಹಳೆಯ ಅಂಗಡಿಯನ್ನು ಮತ್ತೆ ಕಟ್ಟಿ ಚಿತ್ರೀಕರಿಸಿತ್ತು.

ಚಿತ್ರದ ಆರಂಭದಲ್ಲಿ ನಟರಿಲ್ಲ. ಐವತ್ತು ಅರವತ್ತರ ದಶಕಗಳಲ್ಲಿ ಪೊಲೀಸರು ಬಾರುಗಳ ಮೇಲೆ ದಾಳಿ ನಡೆಸಿ, ಸಲಿಂಗಿಗಳೆಂಬ ಒಂದೇ ಕಾರಣಕ್ಕೆ ಗಂಡಸರನ್ನು ಹಿಡಿದು ವ್ಯಾನಿಗೆ ತುಂಬುವ ಹಳೆಯ ಕಪ್ಪು ಬಿಳುಪು ದೃಶ್ಯಗಳಿವೆ. ಒಳ್ಳೆಯ ಕೋಟು ಟೈ ತೊಟ್ಟ ಆ ಗಂಡಸರು ಕ್ಯಾಮೆರಾ ಕಂಡೊಡನೆ ಅಂಗೈಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಒಬ್ಬನಂತೂ ಕೈಯಲ್ಲಿದ್ದ ಲೋಟದ ಪಾನೀಯವನ್ನೇ ಕ್ಯಾಮೆರಾದತ್ತ ಎರಚುತ್ತಾನೆ. ಇಡೀ ಚಿತ್ರದ ವಾದ ಈ ಅಂಗೈಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಎರಡು ಗಂಟೆಗಳ ಕಾಲ ಮಿಲ್ಕ್ ಎಂಬ ಮನುಷ್ಯ ತನ್ನವರಿಗೆ ಹೇಳುವುದು ಒಂದೇ ಮಾತು: ಆ ಕೈಗಳನ್ನು ಮುಖದಿಂದ ತೆಗೆಯಿರಿ, ಅಪ್ಪ ಅಮ್ಮನಿಗೆ, ಅಣ್ಣ ತಮ್ಮಂದಿರಿಗೆ, ನೆರೆಹೊರೆಯವರಿಗೆ, ಕಚೇರಿಯಲ್ಲಿ ಪಕ್ಕದಲ್ಲಿ ಕೂರುವವನಿಗೆ ನೀವು ಯಾರೆಂದು ಹೇಳಿ, ತಮಗೆ ಬೇಕಾದವನೊಬ್ಬ ಸಲಿಂಗಿ ಎಂದು ಗೊತ್ತಿರುವ ಮನುಷ್ಯ ಮತಗಟ್ಟೆಯಲ್ಲಿ ಅವನ ವಿರುದ್ಧ ಕೈ ಎತ್ತಲು ಒಂದು ಕ್ಷಣವಾದರೂ ಯೋಚಿಸುತ್ತಾನೆ.

ಈ ಯೋಚನೆಯನ್ನು ಚಿತ್ರ ಭಾಷಣದಲ್ಲಷ್ಟೇ ಬಿಡದೆ ಚುನಾವಣೆಯ ದಿನನಿತ್ಯದ ಕೆಲಸದಲ್ಲಿ ತೋರಿಸುವುದೇ ಅದರ ದೊಡ್ಡ ಗುಣ. 1930ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಮಿಲ್ಕ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ನೆಲೆಸಿದ್ದು ನಲವತ್ತು ದಾಟಿದ ಮೇಲೆ. 1973ರಲ್ಲಿ ನಗರದ ಸೂಪರ್‌ವೈಸರ್‌ಗಳ ಮಂಡಳಿಗೆ, ಅಂದರೆ ಹೆಚ್ಚುಕಡಿಮೆ ನಮ್ಮ ನಗರಪಾಲಿಕೆಯಂಥ ಸಭೆಗೆ, ಸ್ಪರ್ಧಿಸಿ ಸೋತರು. 1975ರಲ್ಲಿ ಮತ್ತೆ ಸೋತರು. 1976ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು ಮೂರನೆಯ ಸಲ ಸೋತರು. ಇಡೀ ನಗರಕ್ಕೆ ಒಟ್ಟಾಗಿ ಚುನಾವಣೆ ನಡೆಯುವ ಕ್ರಮ ಬದಲಾಗಿ, ನಮ್ಮ ವಾರ್ಡುಗಳ ಹಾಗೆ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಪ್ರತಿನಿಧಿ ಎಂದಾದ ಮೇಲೆ, 1977ರ ನವೆಂಬರ್‌ನಲ್ಲಿ ಐದನೆಯ ಕ್ಷೇತ್ರದಿಂದ ಗೆದ್ದರು. ಟ್ರಕ್ ಚಾಲಕರ ಕಾರ್ಮಿಕ ಸಂಘ ಕೂರ್ಸ್ ಬಿಯರನ್ನು ಬಹಿಷ್ಕರಿಸಿದಾಗ ಮಿಲ್ಕ್ ಸಲಿಂಗಿಗಳ ಬಾರುಗಳಿಂದ ಆ ಬಿಯರನ್ನು ಹೊರಹಾಕಿಸುತ್ತಾರೆ, ಅದಕ್ಕೆ ಪ್ರತಿಯಾಗಿ ಸಲಿಂಗಿಗಳಿಗೂ ಚಾಲಕರ ಕೆಲಸ ಕೊಡಬೇಕೆಂದು ಕೇಳುತ್ತಾರೆ. ಗೆದ್ದ ಮೇಲೆ ಉದ್ಯಾನದಲ್ಲಿ ಟಿವಿ ಕ್ಯಾಮೆರಾಗಳ ಮುಂದೆ ನಾಯಿಯ ಹೇಸಿಗೆಯನ್ನು ಬೇಕೆಂದೇ ತುಳಿದು, ಬೂಟಿನ ಅಡಿಯನ್ನು ಎತ್ತಿ ತೋರಿಸಿ, ಸಾಕುವವರೇ ಅದನ್ನು ಎತ್ತಬೇಕೆಂಬ ನಿಯಮದ ಬಗ್ಗೆ ಮಾತಾಡುತ್ತಾರೆ. ಸಲಿಂಗಿಗಳ ನಾಯಕ ತನ್ನ ವಾರ್ಡಿನ ಅಜ್ಜಿಯರಿಗೂ ನಾಯಕನಾಗಬೇಕು ಎಂಬುದನ್ನು ಆ ಬೂಟು ಹೇಳುತ್ತದೆ. ಹುತಾತ್ಮರ ಕುರಿತ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣದ ಲವಲವಿಕೆ ಈ ದೃಶ್ಯಗಳಲ್ಲಿದೆ.

ಶಾನ್ ಪೆನ್ ಅವರ ನಟನೆಯ ಬಗ್ಗೆ ಹೇಳುವುದಾದರೆ, ಅದಕ್ಕೂ ಹಿಂದಿನ ಅವರ ಪಾತ್ರಗಳಲ್ಲಿದ್ದ ಬಿಗಿದ ದವಡೆ, ಒಳಗೊಳಗೇ ಕುದಿಯುವ ಸಿಟ್ಟು ಇಲ್ಲಿ ಮಾಯವಾಗಿವೆ. ನಗು ಮೊದಲು ಕಣ್ಣಿಗೆ ಬಂದು ಆಮೇಲೆ ತುಟಿಗೆ ಇಳಿಯುತ್ತದೆ. ಕೈಗಳು ಮಾತಿಗಿಂತ ಒಂದು ಗಳಿಗೆ ಮುಂಚೆ ಚಲಿಸುತ್ತವೆ. ಮಂಡಳಿಯ ಜೊತೆ ಸದಸ್ಯ ಡ್ಯಾನ್ ವೈಟ್ ಆಗಿ ಜಾಶ್ ಬ್ರೋಲಿನ್ ಅಷ್ಟೇ ಸಮರ್ಥರು. ಖಳನನ್ನು ಕಟ್ಟದೆ, ತನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲವೆಂದು ಕೊರಗುವ ಒಬ್ಬ ಮಾಜಿ ಪೊಲೀಸನನ್ನು ಅವರು ಕಟ್ಟುತ್ತಾರೆ. ಛಾಯಾಗ್ರಾಹಕ ಹ್ಯಾರಿಸ್ ಸಾವಿಡೆಸ್ ಅವರ ಒಂದು ದೃಶ್ಯವನ್ನಂತೂ ನಾನು ಮರೆತಿಲ್ಲ. ಅಪಾಯ ಬಂದರೆ ಊದಲೆಂದು, ಸಲಿಂಗಿಗಳು ಹೆಚ್ಚಾಗಿ ನೆಲೆಸಿದ್ದ ಕ್ಯಾಸ್ಟ್ರೋ ಬಡಾವಣೆಯ ಜನ ಸೀಟಿ ಇಟ್ಟುಕೊಳ್ಳುತ್ತಿದ್ದರು. ಒಂದು ರಾತ್ರಿ ಕೊಲೆಯಾದವನೊಬ್ಬನ ಸೀಟಿ ರಸ್ತೆಯಲ್ಲಿ ಬಿದ್ದಿದೆ; ಮಿಲ್ಕ್ ಪೊಲೀಸನೊಂದಿಗೆ ವಾದಿಸುವುದನ್ನು ನಾವು ನೋಡುವುದು ಆ ಸೀಟಿಯ ಹೊಳೆಯುವ ಲೋಹದಲ್ಲಿ ಬಾಗಿದ ಸಣ್ಣ ಪ್ರತಿಬಿಂಬವಾಗಿ. ಚಿತ್ರಮಂದಿರದಲ್ಲಿ ನನ್ನ ಮುಂದಿನ ಸಾಲಿನಲ್ಲಿದ್ದ ಬಿಳಿಗೂದಲಿನ ಒಬ್ಬರ ಕೈ, ಅಷ್ಟು ವರ್ಷಗಳ ಮೇಲೂ, ತಾನಾಗಿಯೇ ಕೊರಳ ಬಳಿಗೆ ಹೋಯಿತು.

ಅಂದಿನ ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಅರಿಯಬೇಕಾದರೆ ಅದರ ಹಿಂದಿನ ದಿನಗಳನ್ನು ಅರಿಯಬೇಕು. ಸಲಿಂಗಿಗಳನ್ನೂ ಅವರ ಹಕ್ಕುಗಳನ್ನು ಬೆಂಬಲಿಸುವವರನ್ನೂ ಸರ್ಕಾರಿ ಶಾಲೆಗಳ ಕೆಲಸದಿಂದ ತೆಗೆಯಲು ಅವಕಾಶ ಕೊಡುತ್ತಿದ್ದ ‘ಪ್ರಸ್ತಾವ 6’ ಎಂಬ ಮಸೂದೆಯನ್ನು ಕ್ಯಾಲಿಫೋರ್ನಿಯಾದ ಮತದಾರರು 1978ರ ನವೆಂಬರ್ 7ರಂದು ಶೇ 58ಕ್ಕೂ ಹೆಚ್ಚು ಮತಗಳಿಂದ ತಳ್ಳಿಹಾಕಿದ್ದರು. ಚಿತ್ರದ ಕೊನೆಯ ಭಾಗ ಸಾಗುವುದು ಆ ಗೆಲುವಿನ ಕಡೆಗೆ. ಆದರೆ ಚಿತ್ರ ಬಿಡುಗಡೆಯಾಗುವ ಮೂರೇ ವಾರಗಳ ಮೊದಲು, 2008ರ ನವೆಂಬರ್ 4ರಂದು, ಅದೇ ರಾಜ್ಯದ ಮತದಾರರು ಸಲಿಂಗ ವಿವಾಹವನ್ನು ರದ್ದುಮಾಡುವ ‘ಪ್ರಸ್ತಾವ 8’ನ್ನು ಶೇ 52ರಷ್ಟು ಮತಗಳಿಂದ ಅಂಗೀಕರಿಸಿದ್ದರು. ಹೀಗಾಗಿ ತೆರೆಯ ಮೇಲೆ 1978ರ ಫಲಿತಾಂಶ ಬಂದು ಪಾತ್ರಗಳೆಲ್ಲ ಕುಣಿದಾಡಿದಾಗ ಚಿತ್ರಮಂದಿರದಲ್ಲಿ ಚಪ್ಪಾಳೆ ಎದ್ದಿತು, ಕೂಗೂ ಎದ್ದಿತು, ಮತ್ತು ಎರಡೂ ತಾವು ಎದ್ದಷ್ಟೇ ಬೇಗ ಇಳಿದುಹೋದವು. ಮೂವತ್ತು ವರ್ಷಗಳ ಹಿಂದಿನ ಗೆಲುವನ್ನು ಮೂರು ವಾರಗಳ ಹಿಂದಿನ ಸೋಲಿನೊಂದಿಗೆ ಕುಳಿತು ನೋಡುವವರ ಮೌನ ಅದು. ಇನ್ನು 1978ರ ನವೆಂಬರ್ 27ರಂದು ಡ್ಯಾನ್ ವೈಟ್ ಮೇಯರ್ ಜಾರ್ಜ್ ಮಾಸ್ಕೋನಿ ಅವರನ್ನೂ ಮಿಲ್ಕ್ ಅವರನ್ನೂ ನಗರಸಭಾ ಭವನದೊಳಗೇ ಗುಂಡಿಟ್ಟು ಕೊಂದದ್ದು ಆ ಊರಿನಲ್ಲಿ ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಆದರೂ ಅಂದಿನ ರಾತ್ರಿಯ ಮೇಣದಬತ್ತಿಗಳ ಮೆರವಣಿಗೆ ತೆರೆಯನ್ನು ತುಂಬಿದಾಗ ಅಕ್ಕಪಕ್ಕದ ಸಾಲುಗಳಲ್ಲಿ ಅಪರಿಚಿತರು ಒಬ್ಬರ ಭುಜವನ್ನು ಒಬ್ಬರು ಹಿಡಿದುಕೊಂಡರು. ಆ ಮೆರವಣಿಗೆಯ ಚಿತ್ರೀಕರಣಕ್ಕೆ ಊರಿನ ಜನ ಸಾವಿರಾರು ಸಂಖ್ಯೆಯಲ್ಲಿ ತಾವಾಗಿ ಬಂದು ನಡೆದಿದ್ದರು. ಅವರಲ್ಲಿ ಕೆಲವರು 1978ರಲ್ಲೂ ನಡೆದವರು.

ಎರಡನೆಯ ಸಲ ನೋಡಿದ್ದು ಮರುವರ್ಷ, ಮನೆಯಲ್ಲಿ, ಡಿವಿಡಿ ಹಾಕಿಕೊಂಡು. ಆ ಹೊತ್ತಿಗೆ ಶಾನ್ ಪೆನ್‌ಗೆ ಶ್ರೇಷ್ಠ ನಟನೆಂದೂ ಬ್ಲ್ಯಾಕ್‌ಗೆ ಚಿತ್ರಕಥೆಗಾಗಿಯೂ ಆಸ್ಕರ್ ಬಂದಿತ್ತು. ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ ಭಾರತೀಯ ದಂಡಸಂಹಿತೆಯ 377ನೇ ಕಲಮು ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸದು ಎಂದು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ತೀರ್ಪು ಕೊಟ್ಟಿತ್ತು. ಹಾಸನದಿಂದ ಬಂದಿದ್ದ ನನ್ನ ಅಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತ ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದ ಕಾರಣ ನಾನು ಆಗಾಗ ಅರ್ಥ ಹೇಳುತ್ತಿದ್ದೆ. ಹಾಗೆ ಅರ್ಥ ಹೇಳುವಾಗ ನಮ್ಮ ಪತ್ರಿಕೆಗಳು ಬಳಸುವ ‘ಸಲಿಂಗಕಾಮಿ’ ಎಂಬ ಪದ ಎಷ್ಟು ಇಕ್ಕಟ್ಟಿನದು ಎಂಬುದು ಗೊತ್ತಾಯಿತು. ಒಬ್ಬನ ಪ್ರೀತಿ, ಸಂಸಾರ, ಒಂಟಿತನ, ರಾಜಕಾರಣ ಎಲ್ಲವನ್ನೂ ಆ ಪದ ‘ಕಾಮ’ ಒಂದರಲ್ಲೇ ಮುಳುಗಿಸಿಬಿಡುತ್ತದೆ. ಕೊನೆಗೆ ನಾನು, “ಇವರು ಗಂಡಸರನ್ನೇ ಮೆಚ್ಚಿ ಅವರ ಜೊತೆಗೇ ಬಾಳುವವರು ಅಮ್ಮ” ಎಂದೆ. ಅವರು ತಲೆಯಾಡಿಸಿ ಮಡಚುವುದನ್ನು ಮುಂದುವರಿಸಿದರು.

ಮಿನ್ನೆಸೋಟದಿಂದ ಒಬ್ಬ ಹುಡುಗ ಮಿಲ್ಕ್‌ಗೆ ಫೋನ್ ಮಾಡುವ ದೃಶ್ಯ ಬಂತು. ತನ್ನನ್ನು ಸರಿಪಡಿಸಲು ತಂದೆತಾಯಿ ಆಸ್ಪತ್ರೆಗೆ ಸೇರಿಸಲಿದ್ದಾರೆ, ಸಾಯಬೇಕೆನಿಸುತ್ತಿದೆ ಎನ್ನುತ್ತಾನೆ. ಬಸ್ಸು ಹತ್ತಿ ಯಾವುದಾದರೂ ದೊಡ್ಡ ಊರಿಗೆ ಹೊರಟುಬಿಡು ಎಂದು ಮಿಲ್ಕ್ ಹೇಳುತ್ತಿದ್ದಂತೆ ಕ್ಯಾಮೆರಾ ಹಿಂದೆ ಸರಿಯುತ್ತದೆ, ಹುಡುಗ ಗಾಲಿಕುರ್ಚಿಯಲ್ಲಿದ್ದಾನೆ. ಅಮ್ಮನ ಕೈಯಲ್ಲಿದ್ದ ಟವೆಲು ಅರ್ಧ ಮಡಚಿ ಹಾಗೇ ನಿಂತಿತು. “ಹೆತ್ತೋರು ಪಕ್ಕದ ರೂಮಲ್ಲೇ ಇರ್ತಾರೆ, ಇವನು ಗುರುತಿಲ್ಲದ ಮನುಷ್ಯನಿಗೆ ಫೋನ್ ಮಾಡ್ಬೇಕು. ಎಂಥ ಕಷ್ಟ ನೋಡು” ಎಂದರು. ಆಮೇಲೆ ಚುನಾವಣೆಯ ಗದ್ದಲ, ಮೆರವಣಿಗೆ, ವಾಗ್ವಾದ ಯಾವುದನ್ನೂ ಅವರು ಅಷ್ಟು ಗಮನಿಸಲಿಲ್ಲ; ಆ ಹುಡುಗ ಏನಾದ ಎಂದು ಎರಡು ಸಲ ಕೇಳಿದರು. ಪ್ರಸ್ತಾವ ಸೋತ ರಾತ್ರಿ ಅವನು ಲಾಸ್ ಏಂಜಲೀಸ್‌ನಿಂದ ಮತ್ತೆ ಫೋನ್ ಮಾಡಿದಾಗ, “ಸದ್ಯ, ಬದುಕಿದಾನೆ” ಎಂದು ಉಸಿರು ಬಿಟ್ಟರು. ಚಿತ್ರ ಮುಗಿದ ಮೇಲೆ ನೀರು ಕುಡಿಯಲು ಎದ್ದವರು, ತಮ್ಮ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಒಬ್ಬರನ್ನು ನೆನೆದರು. “ಅವರು ಯಾಕೆ ಮದುವೆ ಆಗ್ಲಿಲ್ಲ ಅಂತ ನಾವ್ಯಾರೂ ಕೇಳ್ಲಿಲ್ಲ. ಕೇಳದೇ ಇರೋದೇ ಮರ್ಯಾದೆ ಅಂದ್ಕೊಂಡಿದ್ವಿ” ಎಂದರು. ಮೇಲ್ನೋಟಕ್ಕೆ ಕಣ್ಣೀರಿಗಾಗಿ ಸೇರಿಸಿದಂತೆ ಕಾಣುವ ಆ ಫೋನ್ ದೃಶ್ಯವನ್ನು ಮೊದಲ ಸಲ ನೋಡಿದಾಗ ನಾನು ದೋಷವೆಂದು ಎಣಿಸಿದ್ದೆ. ಆ ಎಣಿಕೆ ತಪ್ಪಾಗಿತ್ತು.

ಮೂರನೆಯ ಸಲ ನೋಡಿದ್ದು ಬೆಂಗಳೂರಿನ ಜಯನಗರದ ಗೆಳೆಯರೊಬ್ಬರ ಮನೆಯಲ್ಲಿ, 2018ರ ಸೆಪ್ಟೆಂಬರ್ ಕೊನೆಯಲ್ಲಿ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಒಪ್ಪಿತ ಸಂಬಂಧವನ್ನು 377ನೇ ಕಲಮಿನಿಂದ ಹೊರಗಿಟ್ಟು ಕೆಲವೇ ದಿನಗಳಾಗಿದ್ದವು. ಸೇರಿದ್ದ ಒಂಬತ್ತು ಮಂದಿಯಲ್ಲಿ ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನವರು. ಅವರ ಪ್ರತಿಕ್ರಿಯೆ ಹಿಂದಿನ ಎರಡಕ್ಕಿಂತ ಕಟುವಾಗಿತ್ತು, ಮತ್ತು ಬಹುಮಟ್ಟಿಗೆ ನ್ಯಾಯವಾಗಿತ್ತು. ಪ್ರಚಾರದ ಹೊಣೆ ಹೊರುವ ಆನ್ ಕ್ರೋನೆನ್‌ಬರ್ಗ್ ಒಬ್ಬರನ್ನು ಬಿಟ್ಟರೆ ಈ ಹೋರಾಟದಲ್ಲಿ ಹೆಂಗಸರೇ ಇರಲಿಲ್ಲವೇ ಎಂದು ಒಬ್ಬ ಹುಡುಗಿ ನೇರವಾಗಿ ಕೇಳಿದಳು. ಇದ್ದರು. ‘ಪ್ರಸ್ತಾವ 6’ರ ವಿರುದ್ಧ ದೂರದರ್ಶನದ ಚರ್ಚೆಯಲ್ಲಿ ಮಿಲ್ಕ್ ಪಕ್ಕದಲ್ಲೇ ಕುಳಿತು ವಾದಿಸಿದ ಪ್ರಾಧ್ಯಾಪಕಿ ಸ್ಯಾಲಿ ಗಿಯರ್‌ಹಾರ್ಟ್ ಈ ಚಿತ್ರದಲ್ಲಿಲ್ಲ. 1984ರ ‘ದ ಟೈಮ್ಸ್ ಆಫ್ ಹಾರ್ವೆ ಮಿಲ್ಕ್’ ಸಾಕ್ಷ್ಯಚಿತ್ರದಲ್ಲಿ ಇದ್ದವರನ್ನು ಇಲ್ಲಿ ಕೈಬಿಟ್ಟದ್ದಕ್ಕೆ ಕ್ಷಮೆಯಿಲ್ಲ. ಮಿಲ್ಕ್ ಅವರ ಸಂಗಾತಿಯಾಗಿದ್ದ ಜ್ಯಾಕ್ ಲಿರಾ ಅವರ ಪಾತ್ರವೂ ಬರಿದೇ ಪೀಡೆಯೆಂಬಂತೆ ಬಂದುಹೋಗುತ್ತದೆ. ಅವರ ಸಾವು ನಮ್ಮನ್ನು ತಟ್ಟುವ ಮೊದಲೇ ಚಿತ್ರ ಮುಂದಕ್ಕೆ ಓಡುತ್ತದೆ. ಕೊಲೆಯ ದೃಶ್ಯದಲ್ಲಿ ಕಿಟಕಿಯಾಚೆ ಒಪೆರಾ ಭವನದ, ‘ಟೋಸ್ಕಾ’ ಎಂಬ ಸಂಗೀತ ನಾಟಕದ ಫಲಕವನ್ನು ತೋರಿಸುವುದು ಕೆಲವರಿಗೆ ಅತಿ ಎನಿಸಿತು. ಮಿಲ್ಕ್ ಒಪೆರಾವನ್ನು ಪ್ರಾಣದಂತೆ ಪ್ರೀತಿಸಿದವರು ಎಂಬುದನ್ನು ನೆನೆದರೆ ನನಗೆ ಅದು ಹೆಚ್ಚೆನಿಸುವುದಿಲ್ಲ.

ಡ್ಯಾನ್ ವೈಟ್‌ಗೆ ಕೊಲೆಯ ಬದಲು ಕಡಿಮೆ ತೂಕದ ನರಹತ್ಯೆಯ ಅಪರಾಧವಷ್ಟೇ ಸಾಬೀತಾಗಿ, ಏಳು ವರ್ಷ ಎಂಟು ತಿಂಗಳ ಶಿಕ್ಷೆಯಾಯಿತೆಂದು ತಿಳಿದಾಗ ಕೋಣೆಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪಾತ್ರಗಳ ಪಕ್ಕದಲ್ಲಿ ನಿಜವಾದ ವ್ಯಕ್ತಿಗಳ ಭಾವಚಿತ್ರಗಳು ಬಂದವು. ದಾವಣಗೆರೆಯಿಂದ ಬಂದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ, ಸಂಜೆಯಿಡೀ ಒಂದು ಮಾತೂ ಆಡದವನು, ಮಿಲ್ಕ್ ಸೋತ ಚುನಾವಣೆಗಳ ವರ್ಷಗಳನ್ನು ಇನ್ನೊಮ್ಮೆ ಹೇಳಿ ಎಂದು ನನ್ನನ್ನು ಕೇಳಿದ. ಹೇಳಿದೆ. 73, 75, 76 ಎಂದು ಬೆರಳು ಮಡಚಿದವನು, ಅದೇ ಕೈಯಲ್ಲಿ ನಮ್ಮ ಕಡೆಯ ವರ್ಷಗಳನ್ನು ಎಣಿಸತೊಡಗಿದ: 2009ರಲ್ಲಿ ದೆಹಲಿಯಲ್ಲಿ ಗೆದ್ದದ್ದು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದೆಲ್ಲ ಮಣ್ಣಾದದ್ದು, ಈಗ 2018. “2013ರಲ್ಲಿ ನಾನು ಪಿಯುಸಿಯಲ್ಲಿದ್ದೆ ಸರ್, ತೀರ್ಪು ಬಂದ ದಿನ ಹಾಸ್ಟೆಲಿನಲ್ಲಿ ಎಲ್ಲರ ಜೊತೆ ನಾನೂ ನಕ್ಕಿದ್ದೆ” ಎಂದ. ಅವನ ಪಕ್ಕದಲ್ಲಿದ್ದವರು ಏನೂ ಹೇಳದೆ ಸ್ವಲ್ಪ ಸರಿದು ಅವನಿಗೆ ಸೋಫಾದ ಮೇಲೆ ಜಾಗ ಮಾಡಿಕೊಟ್ಟರು. ಆ ಆರಂಭದ ಭಾಗವನ್ನು, ಅಂಗೈಯಿಂದ ಮುಖ ಮುಚ್ಚಿಕೊಂಡವರ ಆ ಕಪ್ಪು ಬಿಳುಪು ದೃಶ್ಯಗಳನ್ನು, ಅವನ ಕೋರಿಕೆಯ ಮೇಲೆ ಮತ್ತೊಮ್ಮೆ ಹಾಕಿದೆವು.