ವಾಲ್‌ಪೇಪರ್ ಎಷ್ಟು ರೋಲ್ ಬೇಕು? ಒಂದೇ ಕೋಣೆಗೆ ನಾಲ್ಕು ಲೆಕ್ಕ ಹಾಕಿ ನೋಡಿದೆ

ವಾಲ್‌ಪೇಪರ್ ಆರಿಸುವಾಗ ಎಲ್ಲರೂ ಬಣ್ಣ, ಡಿಸೈನ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ರೋಲ್ ತರಬೇಕು ಅನ್ನುವ ಪ್ರಶ್ನೆ ಬರುವುದು ಕೊನೆಗೆ. ಅವಸರದಲ್ಲಿ ಒಂದು ಅಂದಾಜು ಹೇಳಿಬಿಡುತ್ತೇವೆ. ಆದರೆ ಈ ಕೆಲಸದಲ್ಲಿ ಜಾಸ್ತಿ ಏಟು ಕೊಡುವುದು ಈ ಅಂದಾಜೇ. ಕಮ್ಮಿ ತಂದರೆ ಕೊನೆಯ ಗೋಡೆ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ತಂದ ರೋಲಿನ ಬಣ್ಣ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ. ಜಾಸ್ತಿ ತಂದರೆ ದುಡ್ಡು ದಂಡ.

ಅಂದಾಜು ಹಾಕಲು ಜನ ಬಳಸುವ ದಾರಿ ಮುಖ್ಯವಾಗಿ ನಾಲ್ಕು. ಗೋಡೆಯ ವಿಸ್ತೀರ್ಣ ಲೆಕ್ಕ ಹಾಕುವುದು, ಪಟ್ಟಿ (ಸೀಲಿಂಗಿನಿಂದ ನೆಲದವರೆಗೆ ರೋಲಿನಿಂದ ಕತ್ತರಿಸುವ ಒಂದು ತುಂಡು) ಎಣಿಸುವುದು, ಫೋನಿನ ಕ್ಯಾಲ್ಕುಲೇಟರ್‌ಗೆ ಅಳತೆ ಕೊಡುವುದು, ಅಂಟಿಸುವವರನ್ನೇ ಕೇಳುವುದು. ಒಂದೇ ಕೋಣೆಯ ಮೇಲೆ ಈ ನಾಲ್ಕನ್ನೂ ಹಾಕಿ ನೋಡಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಪಟ್ಟಿ ಎಣಿಸುವುದೇ ಸರಿ. ಉಳಿದ ಮೂರೂ ಅದನ್ನು ತಾಳೆ ನೋಡುವುದಕ್ಕೆ ಸಾಕು, ಅಷ್ಟೇ.

ಕೋಣೆಯ ಅಳತೆ ಇದು. ಉದ್ದ 4 ಮೀಟರ್, ಅಗಲ 3 ಮೀಟರ್, ಎತ್ತರ 2.7 ಮೀಟರ್. ಸುತ್ತಳತೆ 14 ಮೀಟರ್. 90 ಸೆಂ.ಮೀ. ಅಗಲ, 2.1 ಮೀಟರ್ ಎತ್ತರದ ಒಂದು ಬಾಗಿಲು. ಒಂದೂವರೆ ಮೀಟರ್ ಅಗಲ, 1.2 ಮೀಟರ್ ಎತ್ತರದ ಒಂದು ಕಿಟಕಿ. ರೋಲ್ ಎಲ್ಲ ಕಡೆ ಸಿಗುವ ಮಾಮೂಲಿ ಅಳತೆಯದು: 53 ಸೆಂ.ಮೀ. ಅಗಲ, 10.05 ಮೀಟರ್ ಉದ್ದ.

ಮೊದಲು ವಿಸ್ತೀರ್ಣದ ಲೆಕ್ಕ. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಸುತ್ತಳತೆ 14, ಎತ್ತರ 2.7, ಗುಣಿಸಿದರೆ 37.8 ಚದರ ಮೀಟರ್. ಬಾಗಿಲು ಕಿಟಕಿ ಕಳೆದರೆ ಸುಮಾರು 34.1. ಒಂದು ರೋಲಿನಲ್ಲಿ ಇರುವುದು 5.33 ಚದರ ಮೀಟರ್. ಭಾಗಿಸಿದರೆ 6.4, ಅಂದರೆ 7 ರೋಲ್. ವೇಸ್ಟ್ ಆಗುತ್ತದೆ ಅಂತ ನೂರಕ್ಕೆ 15 ಸೇರಿಸಿದರೆ 7.4, ಅಂದರೆ 8 ರೋಲ್. ಐದು ನಿಮಿಷದ ಕೆಲಸ. ಪೇಂಟ್ ತರುವುದಕ್ಕೆ ಈ ಲೆಕ್ಕ ಚೆನ್ನಾಗಿಯೇ ಇದೆ, ಯಾಕೆಂದರೆ ಡಬ್ಬಿಯಲ್ಲಿ ಉಳಿದ ಪೇಂಟ್ ಎಲ್ಲಿಗೆ ಬೇಕಾದರೂ ಬಳಿಯಬಹುದು. ಪೇಪರ್ ಹಾಗಲ್ಲ. ಸೀಲಿಂಗಿನಿಂದ ನೆಲದವರೆಗೆ ಒಂದೇ ತುಂಡಾಗಿ ಬರಬೇಕು. ರೋಲಿನ ಕೊನೆಯಲ್ಲಿ ಒಂದೂವರೆ ಮೀಟರ್ ಉಳಿದರೆ ಅದು ವಿಸ್ತೀರ್ಣದ ಲೆಕ್ಕದಲ್ಲಿ ಪೇಪರ್, ಗೋಡೆಯ ಮೇಲೆ ಮಾತ್ರ ಬರೀ ತುಂಡು.

ಈಗ ಪಟ್ಟಿಯ ಲೆಕ್ಕ. ಇಲ್ಲಿ ಕೇಳುವ ಪ್ರಶ್ನೆ ಎರಡೇ. ಕೋಣೆ ಸುತ್ತ ಎಷ್ಟು ಪಟ್ಟಿ ಬೇಕು? ಒಂದು ರೋಲಿಗೆ ಎಷ್ಟು ಪೂರ್ತಿ ಪಟ್ಟಿ ಬರುತ್ತದೆ?

14 ಮೀಟರನ್ನು 53 ಸೆಂ.ಮೀ.ನಿಂದ ಭಾಗಿಸಿದರೆ 26.4, ಅಂದರೆ 27 ಪಟ್ಟಿ. ಪ್ರತಿ ಪಟ್ಟಿಗೆ ಮೇಲೆ ಕೆಳಗೆ 5 ಸೆಂ.ಮೀ. ಕತ್ತರಿಸಿ ಸಮ ಮಾಡಲು ಬಿಡಬೇಕು, ಹಾಗಾಗಿ ಪಟ್ಟಿಯ ಉದ್ದ 2.8 ಮೀಟರ್. 10.05ರಲ್ಲಿ ಅಂಥದ್ದು ಮೂರು ಬರುತ್ತದೆ, 1.65 ಮೀಟರ್ ಉಳಿಯುತ್ತದೆ. 27ನ್ನು 3ರಿಂದ ಭಾಗಿಸಿದರೆ 9 ರೋಲ್.

ವಿಸ್ತೀರ್ಣ 8 ಅಂದಿತು, ಪಟ್ಟಿ 9 ಅಂದಿತು. ಒಂದೇ ರೋಲಿನ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಅದೂ ಬಾಗಿಲು ಕಿಟಕಿ ಕಳೆಯದೆ ಬಂದ 9. ಅದನ್ನು ಕಳೆಯಬಹುದಾ ಅಂತ ನೋಡಲು ಇನ್ನೊಂದು ಕೆಲಸ ಮಾಡಿದೆ. ಸರಿಯಾಗಿ 53 ಸೆಂ.ಮೀ. ಉದ್ದದ ಒಂದು ರಟ್ಟಿನ ಪಟ್ಟಿ ಕತ್ತರಿಸಿ, ಒಂದು ಮೂಲೆಯಿಂದ ಶುರು ಮಾಡಿ, ಗೋಡೆ ಉದ್ದಕ್ಕೂ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕುತ್ತಾ ಹೋದೆ. ಪ್ರತಿ ಗೀಟಿಗೂ ನಂಬರ್. ಅಂಕೆಯಲ್ಲಿ ಕಾಣದ ವಿಷಯ ಆಗ ಕಣ್ಣಿಗೆ ಬಿತ್ತು. ಬಾಗಿಲ ಅಗಲ ಒಂದೂ ಮುಕ್ಕಾಲು ಪಟ್ಟಿಯಷ್ಟು, ಕಿಟಕಿಯದ್ದು ಮೂರಕ್ಕೆ ಸ್ವಲ್ಪ ಕಮ್ಮಿ. ಒಂದು ಮೂಲೆಯಿಂದ ಶುರು ಮಾಡಿದರೆ ಬಾಗಿಲ ಜಾಗದಲ್ಲಿ ಒಂದು ಪಟ್ಟಿ, ಕಿಟಕಿ ಜಾಗದಲ್ಲಿ ಎರಡು ಪಟ್ಟಿ ಪೂರ್ತಿ ಒಳಗೆ ಬಿದ್ದವು. ಇನ್ನೊಂದು ಮೂಲೆಯಿಂದ ಶುರು ಮಾಡಿದರೆ ಬಾಗಿಲಿನಲ್ಲಿ ಒಂದೂ ಇಲ್ಲ, ಕಿಟಕಿಯಲ್ಲಿ ಒಂದೇ. ಗೋಡೆ ಅದೇ, ಬಾಗಿಲು ಕಿಟಕಿ ಅವೇ. ಶುರು ಮಾಡುವ ಮೂಲೆ ಬದಲಾದರೆ ಉಳಿತಾಯ ಮೂರು ಪಟ್ಟಿಯಿಂದ ಒಂದಕ್ಕೆ ಇಳಿಯುತ್ತದೆ. ಚದರ ಮೀಟರಿನಲ್ಲಿ ಕಳೆಯುವ ಲೆಕ್ಕಕ್ಕೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಡಿಸೈನ್ ಕೂಡಿಸುವ ಗೋಜಿಲ್ಲದ ಪೇಪರ್ ಆದರೆ ಈ ಉಳಿತಾಯ ನಿಜಕ್ಕೂ ಸಿಗುತ್ತದೆ. ಬಾಗಿಲ ಮೇಲೆ 60 ಸೆಂ.ಮೀ. ಗೋಡೆ ಇದೆ, ಕಿಟಕಿಯ ಮೇಲೂ ಕೆಳಗೂ ಸೇರಿ ಒಂದೂವರೆ ಮೀಟರ್. ರೋಲಿನ ಕೊನೆಯಲ್ಲಿ ಉಳಿದ 1.65 ಮೀಟರ್ ತುಂಡುಗಳು ಅದಕ್ಕೆ ಸರಿಯಾಗಿ ಸಾಲುತ್ತವೆ. ಮೂರು ಪಟ್ಟಿ ಕಳೆದರೆ 24, ಅಂದರೆ 8 ರೋಲ್. ಹಾಗಾಗಿ ಪ್ಲೇನ್ ಪೇಪರ್, ಸಾಮಾನ್ಯ ಎತ್ತರ, ಒಂದೆರಡು ಬಾಗಿಲು ಕಿಟಕಿ ಇರುವ ಕಡೆ ವಿಸ್ತೀರ್ಣದ ಲೆಕ್ಕ ನೂರಕ್ಕೆ 15 ಸೇರಿಸಿಕೊಂಡು ಹತ್ತಿರ ಬರುತ್ತದೆ. ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ.

ಡಿಸೈನ್ ಬಂದ ಕೂಡಲೇ ಆಟ ಬದಲು.

ಡಿಸೈನ್ ಇರುವ ಪೇಪರಿನ ಲೇಬಲ್ ಮೇಲೆ ಒಂದು ಗುರುತು ಇರುತ್ತದೆ. ಪಕ್ಕದಲ್ಲಿ 64/0 ಅಥವಾ 64/32 ಅನ್ನುವಂಥ ಅಂಕೆ. ಮೊದಲ ಅಂಕೆ ರಿಪೀಟ್, ಅಂದರೆ ಅದೇ ಹೂವು ಅದೇ ಬಳ್ಳಿ ಎಷ್ಟು ಸೆಂ.ಮೀ.ಗೆ ಒಂದು ಸಲ ಮತ್ತೆ ಬರುತ್ತದೆ ಅನ್ನುವುದು. ಎರಡನೆಯದು, ಪಕ್ಕದ ಪಟ್ಟಿಯಲ್ಲಿ ಅದು ಎಷ್ಟು ಕೆಳಗೆ ಜಾರಿ ಕೂಡಬೇಕು ಅನ್ನುವುದು. ಸೊನ್ನೆ ಇದ್ದರೆ ನೇರ ಜೋಡಣೆ, ಅರ್ಧ ಇದ್ದರೆ ಅರ್ಧ ಇಳಿಕೆಯ ಜೋಡಣೆ. ಎದುರುಬದುರು ಬಾಣ ನೇರ ಜೋಡಣೆಗೆ, ಮೇಲೆ ಕೆಳಗೆ ಜಾರಿದ ಬಾಣ ಇಳಿಕೆಯ ಜೋಡಣೆಗೆ. ಬಾಣದ ಪಕ್ಕ ಬರೀ ಸೊನ್ನೆ ಇದ್ದರೆ ಕೂಡಿಸುವ ಅಗತ್ಯವೇ ಇಲ್ಲ. ರೋಲ್ ಕೈಗೆ ತಗೊಂಡ ತಕ್ಷಣ ನಾನು ಬೆಲೆಗಿಂತ ಮೊದಲು ನೋಡುವುದು ಇದನ್ನೇ.

64/0 ತಗೊಳ್ಳೋಣ. ಪಟ್ಟಿಗೆ ಬೇಕಾದ್ದು 2.8 ಮೀಟರ್. ಅದರಲ್ಲಿ 64 ಸೆಂ.ಮೀ. ನಾಲ್ಕೂ ಚಿಲ್ಲರೆ ಸಲ ಇದೆ. ಪ್ರತಿ ಪಟ್ಟಿಯೂ ಡಿಸೈನಿನ ಒಂದೇ ಜಾಗದಿಂದ ಶುರುವಾಗಬೇಕು, ಹಾಗಾಗಿ ಚಿಲ್ಲರೆ ನಡೆಯುವುದಿಲ್ಲ, ಐದಕ್ಕೆ ಏರಿಸಬೇಕು, 3.2 ಮೀಟರ್. ಮೂರು ಪಟ್ಟಿಗೆ 9.6 ಮೀಟರ್ ಹೋಯಿತು. ಇನ್ನೂ ರೋಲಿಗೆ ಮೂರು ಪಟ್ಟಿ ಬರುತ್ತಿದೆ, ಹಾಗಾಗಿ 9 ರೋಲ್. ಆದರೆ ಡಿಸೈನ್ ಕೂಡುವ ಜಾಗದಿಂದ ಅಳೆದರೆ ಉಳಿದದ್ದು 45 ಸೆಂ.ಮೀ. ಬಾಗಿಲ ಮೇಲಿನ 60 ಸೆಂ.ಮೀ.ಗೂ ಅದು ಸಾಲದು. ಬಾಗಿಲು ಕಿಟಕಿಯ ಉಳಿತಾಯ ಇಲ್ಲಿಗೆ ಮುಗಿಯಿತು. ಡಿಸೈನ್ ಪೇಪರ್ ಆದರೆ ಬಾಗಿಲು ಕಿಟಕಿ ಕಳೆಯಲೇಬೇಡಿ ಅನ್ನುವುದು ಇದಕ್ಕೇ.

ಇದೇ ಕೋಣೆಯ ಸೀಲಿಂಗ್ 3.2 ಮೀಟರ್ ಎತ್ತರ ಇದ್ದಿದ್ದರೆ? ಪಟ್ಟಿ 3.3 ಮೀಟರ್. ಪ್ಲೇನ್ ಪೇಪರ್ ಆದರೆ ಮೂರು ಪಟ್ಟಿಗೆ 9.9 ಮೀಟರ್, ಕೂದಲೆಳೆಯ ಅಂತರದಲ್ಲಿ ಹಿಡಿಸುತ್ತದೆ. 9 ರೋಲ್ ಸಾಕು. 64ರ ರಿಪೀಟ್ ಆದರೆ ಆರು ಸಲಕ್ಕೆ ಏರಿಸಬೇಕು, 3.84 ಮೀಟರ್. ರೋಲಿಗೆ ಎರಡೇ ಪಟ್ಟಿ. 27 ಪಟ್ಟಿಗೆ 14 ರೋಲ್! ವಿಸ್ತೀರ್ಣದ ಲೆಕ್ಕ, ನೂರಕ್ಕೆ 15 ಸೇರಿಸಿಯೂ, ಇದೇ ಕೋಣೆಗೆ 9 ಅನ್ನುತ್ತದೆ. ಐದು ರೋಲ್ ಕಮ್ಮಿ. ವೇಸ್ಟಿಗೆ ನೂರಕ್ಕೆ 20 ಇಟ್ಟರೂ 25 ಇಟ್ಟರೂ ಈ ಅಂತರ ಮುಚ್ಚುವುದಿಲ್ಲ. ಪಟ್ಟಿ ಮೂರರಿಂದ ಎರಡಕ್ಕೆ ಇಳಿದದ್ದೇ ಇದಕ್ಕೆ ಕಾರಣ, ಅದು ಯಾವ ಶೇಕಡಾವಾರಿಗೂ ಸಿಗುವುದಿಲ್ಲ.

ದೊಡ್ಡ ರಿಪೀಟ್ ಅಂದರೆ ಜಾಸ್ತಿ ವೇಸ್ಟ್ ಅನ್ನುವ ಮಾತೂ ಪೂರ್ತಿ ನಿಜವಲ್ಲ. ನಮ್ಮ 2.8 ಮೀಟರ್ ಪಟ್ಟಿಗೆ 70 ಸೆಂ.ಮೀ. ರಿಪೀಟ್ ಇಟ್ಟು ನೋಡಿ. ಸರಿಯಾಗಿ ನಾಲ್ಕು ಸಲ, ಒಂದು ಸೆಂ.ಮೀ. ಕೂಡ ದಂಡವಿಲ್ಲ. 64ಕ್ಕಿಂತ 70 ದೊಡ್ಡದು, ಆದರೂ ಈ ಗೋಡೆಗೆ ಅದೇ ಒಳ್ಳೆಯದು. ಇಳಿಕೆಯ ಜೋಡಣೆಗೂ ಹೀಗೆಯೇ ಸುಮ್ನೆ ಕೆಟ್ಟ ಹೆಸರು ಬಂದಿದೆ. 64/32 ಪೇಪರಿನಲ್ಲಿ ಮೊದಲ ಪಟ್ಟಿ 0ಯಿಂದ 2.8ರವರೆಗೆ ಕತ್ತರಿಸಿದೆವು ಅನ್ನಿ. ಪಕ್ಕದ ಪಟ್ಟಿ ಅರ್ಧ ರಿಪೀಟಿನಿಂದ ಶುರುವಾಗಬೇಕು. 2.8 ಆದ ಮೇಲೆ ಅಂಥ ಜಾಗ ಬರುವುದು 2.88ರಲ್ಲಿ. ಬರೀ 8 ಸೆಂ.ಮೀ. ದಂಡ. ನೇರ ಜೋಡಣೆಯಲ್ಲಿ ಇದೇ ಜಾಗದಲ್ಲಿ 40 ಸೆಂ.ಮೀ. ಹೋಗುತ್ತಿತ್ತು. ಅಂದರೆ ಈ ಎತ್ತರಕ್ಕೆ ಅರ್ಧ ಇಳಿಕೆಯ ಪೇಪರೇ ಮಿತವ್ಯಯದ್ದು. ಒಂದನೆಯ ಪಟ್ಟಿ, ಎರಡನೆಯ ಪಟ್ಟಿ ಅಂತ ಹಿಂದೆ ನಂಬರ್ ಬರೆದಿಟ್ಟುಕೊಳ್ಳಬೇಕು, ಅಷ್ಟೇ.

ರೋಲಿನ ಅಳತೆ ಬದಲಾದರೆ ವಿಸ್ತೀರ್ಣದ ಲೆಕ್ಕ ಇನ್ನೂ ದಾರಿ ತಪ್ಪಿಸುತ್ತದೆ. 27 ಇಂಚು ಅಗಲ, 27 ಅಡಿ ಉದ್ದದ ರೋಲ್‌ಗಳೂ ಇವೆ. ಅದರಲ್ಲಿ ಸುಮಾರು 5.6 ಚದರ ಮೀಟರ್ ಪೇಪರ್, ಅಂದರೆ ಮಾಮೂಲಿ ರೋಲಿಗಿಂತ ಜಾಸ್ತಿ. ಆದರೆ ಉದ್ದ 8.23 ಮೀಟರ್ ಮಾತ್ರ. 2.8 ಮೀಟರಿನ ಪಟ್ಟಿ ಮೂರಕ್ಕೆ 8.4 ಬೇಕು. 17 ಸೆಂ.ಮೀ. ಸಾಲದೆ ರೋಲಿಗೆ ಎರಡೇ ಪಟ್ಟಿ. ಸುತ್ತಲೂ 21 ಪಟ್ಟಿ ಬೇಕು, ಹಾಗಾಗಿ 11 ರೋಲ್. ಹೆಚ್ಚು ಪೇಪರ್ ಇರುವ ರೋಲ್ ತಗೊಂಡು ಎರಡು ರೋಲ್ ಜಾಸ್ತಿ ತರಬೇಕಾದ ಪರಿಸ್ಥಿತಿ. 106 ಸೆಂ.ಮೀ. ಅಗಲ, 15.6 ಮೀಟರ್ ಉದ್ದದ ದೊಡ್ಡ ರೋಲ್ ಆದರೆ ನಮ್ಮ ಕೋಣೆಗೆ 14 ಪಟ್ಟಿ, ರೋಲಿಗೆ ಐದು, 3 ರೋಲಿಗೆ ಮುಗಿಯಿತು. ಅಲ್ಲಿ ವಿಸ್ತೀರ್ಣವೂ 3 ಅನ್ನುತ್ತದೆ, ಜಗಳವಿಲ್ಲ. ಆದರೆ ಒಂದು ರೋಲ್ ಸಾಲದೆ ಹೋದರೆ ಇನ್ನೊಂದು ದೊಡ್ಡ ರೋಲನ್ನೇ ತರಬೇಕು.

ಇನ್ನು ಫೋನಿನ ಕ್ಯಾಲ್ಕುಲೇಟರ್. ಇದರಲ್ಲಿ ಎರಡು ಜಾತಿ. ಒಂದು ಒಳಗೊಳಗೇ ವಿಸ್ತೀರ್ಣದ ಲೆಕ್ಕ ಹಾಕಿ, ರಿಪೀಟಿಗೆ ಅಂತ ಸ್ವಲ್ಪ ಶೇಕಡಾ ಸೇರಿಸುತ್ತದೆ. ಇನ್ನೊಂದು ನಿಜವಾಗಿ ಪಟ್ಟಿ ಎಣಿಸುತ್ತದೆ. ನೋಡಲು ಎರಡೂ ಒಂದೇ ಥರ. ಗೊತ್ತು ಮಾಡಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಸುತ್ತಳತೆ 14, ಎತ್ತರ 3.2, ಮಾಮೂಲಿ ರೋಲ್, ರಿಪೀಟ್ ಸೊನ್ನೆ ಅಂತ ಕೊಡಿ. ಆಮೇಲೆ ರಿಪೀಟ್ 64 ಮಾಡಿ. ಉತ್ತರ 9ರಿಂದ 14ಕ್ಕೆ ಹಾರಿದರೆ ಅದನ್ನು ನಂಬಬಹುದು. 9ರಿಂದ 10ಕ್ಕೋ 11ಕ್ಕೋ ಸರಿದರೆ ಅದು ಎಣಿಸುತ್ತಿಲ್ಲ. ರಿಪೀಟ್ ಕೇಳದೆ ಉತ್ತರ ಕೊಡುವುದನ್ನಂತೂ ಮುಚ್ಚಿಬಿಡಿ.

ಅಂಟಿಸುವವರ ಕಣ್ಣಳತೆಯ ಬಗ್ಗೆ ನನಗೆ ಗೌರವ ಇದೆ. ಅನುಭವ ಇರುವವರು ಬಾಗಿಲಲ್ಲಿ ನಿಂತು ಒಂದು ಸಲ ಸುತ್ತ ನೋಡಿ ಹೇಳಿದ ಸಂಖ್ಯೆ ನನ್ನ ಲೆಕ್ಕಕ್ಕೆ ಒಂದು ರೋಲ್ ಹೆಚ್ಚಿಗೇ ಇರುತ್ತದೆ, ಅದಕ್ಕೆ ಕಾರಣವೂ ಇರುತ್ತದೆ. ಮೂಲೆಯಲ್ಲಿ ಪೇಪರನ್ನು ಪೂರ್ತಿ ಅಗಲಕ್ಕೆ ತಿರುಗಿಸುವುದಿಲ್ಲ. ಒಂದೆರಡು ಸೆಂ.ಮೀ. ಮಾತ್ರ ಆಚೆ ಗೋಡೆಗೆ ಬಿಟ್ಟು ಕತ್ತರಿಸಿ, ಅಲ್ಲಿಂದ ತೂಗುಗುಂಡು ಹಿಡಿದು ಹೊಸದಾಗಿ ನೇರ ಮಾಡುತ್ತಾರೆ, ಯಾಕೆಂದರೆ ಮೂಲೆಗಳು ನೇರ ಇರುವುದೇ ಅಪರೂಪ. ಗೋಡೆ ಗೋಡೆಗೆ ಬೇರೆಬೇರೆಯಾಗಿ ಎಣಿಸಿದರೆ ನಮ್ಮ ಕೋಣೆಗೆ 8, 6, 8, 6, ಒಟ್ಟು 28 ಪಟ್ಟಿ. ಸುತ್ತಳತೆಯ 27ಕ್ಕಿಂತ ಒಂದು ಜಾಸ್ತಿ, ಆ ಒಂದು ಪಟ್ಟಿಗೆ ಹತ್ತನೆಯ ರೋಲ್. ಹೀಗಾಗಿ ಅವರ ‘ಹತ್ತು ತನ್ನಿ’ ಅನ್ನುವ ಮಾತು ಸುಮ್ಮನೆ ಬಂದದ್ದಲ್ಲ. ಒಂದೇ ಷರತ್ತು: ರಿಪೀಟ್ ಎಷ್ಟು ಅಂತ ಕೇಳಿ ಆಮೇಲೆ ಸಂಖ್ಯೆ ಹೇಳಬೇಕು. ಪೇಪರ್ ನೋಡದೆ ಹೇಳಿದ್ದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಹಾಗಾದರೆ ನಾನು ತರುವುದು ಎಷ್ಟು? ಪಟ್ಟಿ ಎಣಿಸಿ ಬಂದ ಸಂಖ್ಯೆ, ಡಿಸೈನ್ ಇದ್ದರೆ ಬಾಗಿಲು ಕಿಟಕಿ ಕಳೆಯದೆ, ಮೇಲೆ ಒಂದು ರೋಲ್. ಈ ಕೋಣೆಗೆ 64/0 ಪೇಪರ್ ಆದರೆ 10. ಪ್ಲೇನ್ ಆದರೆ 9. ಒಂದೇ ಗೋಡೆಗೆ ಹಾಕುವುದಾದರೆ ಇಷ್ಟೆಲ್ಲ ಬೇಡ. 4 ಮೀಟರ್ ಗೋಡೆಗೆ 8 ಪಟ್ಟಿ, 3 ರೋಲ್, ಅದರಲ್ಲೇ ಒಂದು ಪಟ್ಟಿ ಉಳಿಯುತ್ತದೆ.

ಅಳೆಯುವಾಗ ಎತ್ತರವನ್ನು ಒಂದೇ ಕಡೆ ಅಳೆಯಬೇಡಿ. ನಾಲ್ಕೈದು ಜಾಗದಲ್ಲಿ ಟೇಪು ಹಿಡಿದು, ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳಿ. ನೆಲ ಒಂದು ಕಡೆ ಇಳಿಜಾರಿದ್ದರೆ ಒಂದೆರಡು ಸೆಂ.ಮೀ.ನಲ್ಲಿ ಪಟ್ಟಿ ಕೈಕೊಡುತ್ತದೆ, ಅದರಲ್ಲೂ 9.9 ಮೀಟರಿಗೆ ಹಿಡಿಸಿದಂಥ ಲೆಕ್ಕದಲ್ಲಿ. ಕಂಬ, ಗೂಡು ಇದ್ದರೆ ಅದರ ಮಗ್ಗುಲುಗಳೂ ಸುತ್ತಳತೆಗೆ ಸೇರಬೇಕು.

ಹೆಚ್ಚಿನ ಆ ಒಂದು ರೋಲನ್ನು ಮೊದಲ ಸಲವೇ ತರುವುದು ಬ್ಯಾಚ್ ನಂಬರಿಗಾಗಿ. ಒಂದೇ ಡಿಸೈನ್, ಒಂದೇ ಕೋಡ್ ಇದ್ದರೂ ಬೇರೆ ಸಲ ಅಚ್ಚಾದ ರೋಲಿನ ಬಣ್ಣ ತುಸು ಬೇರೆ ಇರಬಹುದು. ಕೈಯಲ್ಲಿ ಹಿಡಿದಾಗ ಕಾಣದ ವ್ಯತ್ಯಾಸ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿದಾಗ ಗೀಟು ಎಳೆದಂತೆ ಕಾಣುತ್ತದೆ. ಎಲ್ಲ ರೋಲಿನ ಲೇಬಲ್ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿ, ತೆರೆಯದ ರೋಲ್ ವಾಪಸ್ ತಗೊಳ್ತಾರಾ ಅಂತ ಕೇಳಿ, ಕೆಲಸ ಮುಗಿಯುವವರೆಗೆ ಒಂದು ಲೇಬಲ್ ಇಟ್ಟುಕೊಳ್ಳಿ. ಬೇರೆ ಬ್ಯಾಚಿನ ರೋಲ್ ಬಳಸಲೇಬೇಕಾಗಿ ಬಂದರೆ ಗೋಡೆಯ ನಡುವೆ ಬದಲಿಸಬೇಡಿ. ಮೂಲೆಯಲ್ಲಿ ನಿಲ್ಲಿಸಿ, ಮುಂದಿನ ಗೋಡೆ ಪೂರ್ತಿ ಹೊಸ ಬ್ಯಾಚಿನಲ್ಲಿ ಹಾಕಿ. ಎರಡು ಗೋಡೆಯ ಮೇಲೆ ಬೆಳಕು ಬೀಳುವುದೇ ಬೇರೆ ಥರ, ಹಾಗಾಗಿ ಮೂಲೆಯ ಆಚೆ ಈಚೆ ಆ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.